ಮೈಸೂರಿನ ಲಿಂಗಾಂಬುಧಿ ಕೆರೆ ಹತ್ತಿರ ಕೂತು ಹಾಡಲು ಜಾಗ ಎಲ್ಲಿದೆ?

ವೀಣೆಪೆಟ್ಟಿಗೆ:
ನಾನು ಅಗ್ರಹಾರದಲ್ಲಿ ಬೆಳೆದವಳು. ಅಪ್ಪನ ಸೈಕಲ್ ಮೇಲೆ ವಿ.ವಿ. ಮೊಹಲ್ಲಾ ಎಂಟನೇ ಕ್ರಾಸಿನ ಗಣಪತಿ ಹಬ್ಬದ ಸಂಗೀತ ಕಛೇರಿಗೆ ಹೋಗಿ, ರಸ್ತೆಯಲ್ಲೇ ಕೂತು ಕೇಳಿದವಳು. ರಿಟೈರ್ ಆದ ಮೇಲೆ ಶ್ರೀರಾಂಪುರಕ್ಕೆ ಬಂದೆ. ಕೆರೆ ಇಲ್ಲಿಂದ ಆರು ನಿಮಿಷದ ನಡಿಗೆ. ವಾಕಿಂಗಿನಲ್ಲಿ ಪರಿಚಯವಾದ ನಾವು ಏಳು ಜನ. ಮೂವರು ಭಾವಗೀತೆ ಹಾಡುತ್ತೇವೆ, ಒಬ್ಬರು ಮೌತ್ ಆರ್ಗನ್, ಇನ್ನೊಬ್ಬರು ಬೆಂಚನ್ನೇ ತಬಲಾ ಮಾಡಿಕೊಳ್ಳುತ್ತಾರೆ. ಮಿಕ್ಕವರು ತಲೆದೂಗುತ್ತಾರೆ. ಅದೂ ಬೇಕಲ್ವಾ.

ಭಾನುವಾರ ಸಂಜೆ ಕೆರೆ ದಡದಲ್ಲಿ ಹಾಡುತ್ತಿದ್ದೆವು. ಗಾರ್ಡ್ ಹುಡುಗ ಬಂದು "ಅಮ್ಮ, ಇಲ್ಲಿ ಗುಂಪು ಕೂತ್ಕೊಂಡು ಹಾಡಂಗಿಲ್ಲ" ಅಂದ. ಸರಿ, ಬಡಾವಣೆಯ ಪಾರ್ಕಿಗೆ ಹೋದೆವು. ಎರಡನೇ ವಾರಕ್ಕೇ ಒಬ್ಬರು ಕರೋಕೆ ಡಬ್ಬ ತಂದರು. ಮೊಮ್ಮಗ ಕೊಡಿಸಿದ್ದಂತೆ, ಬಣ್ಣದ ಲೈಟ್ ಬೇರೆ. ನನ್ನ ಶ್ರುತಿ ಎಲ್ಲಿ, ಆ ಡಬ್ಬದ ಶ್ರುತಿ ಎಲ್ಲಿ! ಎದುರು ಮನೆಯಲ್ಲಿ ಪಿಯುಸಿ ಓದುವ ಹುಡುಗಿ ಇದ್ದಾಳೆ. ಅವಳ ತಾಯಿ ಗೇಟಿಗೆ ಬಂದು ಸುಮ್ನೆ ನಿಂತರು. ಬೈದಿದ್ದರೇ ವಾಸಿಯಿತ್ತು.

ಮೈಕಿಲ್ಲದೆ ಹಾಡಲು ಒಂದು ಜಾಗ ಹೇಳಿ. ಕೆರೆ ಗಾಳಿ ಬರುವಂತಿದ್ದರೆ ಒಳ್ಳೆಯದು. ದೂರ ಬೇಡ, ಮಂಡಿ ನೋವು.

ಹೆಜ್ಜಾರ್ಲೆ:
ಮೇಡಂ, ಆ ಹುಡುಗನ ಮೇಲೆ ಬೇಜಾರು ಬೇಡ. ಕೆರೆ ಅರಣ್ಯ ಇಲಾಖೆಯ ಕೈಯಲ್ಲಿದೆ. ನೀವು ಹಾಡುವ ಹೊತ್ತೇ ಹಕ್ಕಿಗಳು ಮರಕ್ಕೆ ಮರಳುವ ಹೊತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಕೆರೆ ಅದು. ಈಗ ಸುತ್ತ ಬಡಾವಣೆಗಳು. ಬಣ್ಣದ ಕೊಕ್ಕರೆಗೆ, ಹೆಜ್ಜಾರ್ಲೆಗೆ (ಪೆಲಿಕನ್) ಉಳಿದಿರುವುದು ಬೇಲಿಯ ಒಳಗಿನಷ್ಟೇ. ಅಲ್ಲಿಗೆ ಕಿವಿ ಮಾತ್ರ ತನ್ನಿ.

ಕರೋಕೆ ಅಂಕಲ್:
ಆ ಡಬ್ಬ ನನ್ನದಲ್ಲ. ಆದರೆ ನನ್ನ ಹತ್ತಿರವೂ ಒಂದಿದೆ. ಮೇಡಂ, ನಿಮಗೆ ಚಿಕ್ಕಂದಿನಿಂದ ಕಛೇರಿ ಕೇಳಿಸಲು ಅಪ್ಪ ಇದ್ದರು. ನಾನು ಮೂವತ್ತು ವರ್ಷ ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿದವನು. ಚರಣ ಎಲ್ಲಿ ಎತ್ತಿಕೊಳ್ಳಬೇಕು ಎಂದು ನನಗೆ ಕಲಿಸಿದ್ದೇ ಆ ಡಬ್ಬ. ವಾಲ್ಯೂಮ್ ಜಾಸ್ತಿ ಇಡಬಾರದು, ಅದನ್ನು ಒಪ್ಪುತ್ತೇನೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಎನ್ನುವುದು ಎಲ್ಲರಿಗೂ ಗೊತ್ತು. ಮನೆಗಳಿರುವ ಕಡೆ ಹಗಲಿಗೂ 55 ಡೆಸಿಬಲ್ ಮಿತಿಯಿದೆ. ನಾವು ಎದುರುಬದುರು ಕೂತು ಮಾತಾಡಿದರೇ ಹೆಚ್ಚುಕಡಿಮೆ ಅಷ್ಟಾಗುತ್ತದೆ!

ಕೆ ಬ್ಲಾಕ್:
ಕೇಳುವುದಾದರೆ ಕುವೆಂಪುನಗರದಲ್ಲಿ ವೀಣೆ ಶೇಷಣ್ಣ ಭವನ ಇದೆ. ನಾಟಕಕ್ಕೆ ರಾಮಕೃಷ್ಣನಗರದ ನಟನ ರಂಗಶಾಲೆ ಇದೆ. ನೀವು ಕೇಳಿದ್ದು ಹಾಡಲು. ನಮ್ಮ ಗುಂಪು ಟೆರೇಸ್ ಮೇಲೆ ಸೇರುತ್ತದೆ, ವಾರಕ್ಕೊಂದು ಮನೆ. ಕಾಫಿ ಮಾತ್ರ, ತಿಂಡಿ ಇಲ್ಲ. ಈ ನಿಯಮ ಮುರಿಯಬೇಡಿ. ಮೊದಲು ಒಬ್ಬರು ಕೋಡುಬಳೆ ಮಾಡಿದರು, ಮುಂದಿನವರು ಹೋಳಿಗೆ ಮಾಡಿದರು, ಆಮೇಲಿನವರು "ಈ ವಾರ ನಾವು ಊರಲ್ಲಿರಲ್ಲ" ಎಂದರು. ಎರಡು ತಿಂಗಳು ಹಾಡೇ ನಿಂತುಹೋಯಿತು.

ವೀಣೆಪೆಟ್ಟಿಗೆ:
ಗಾರ್ಡ್ ಹುಡುಗನನ್ನು ಇವತ್ತು ಮಾತಾಡಿಸಿದೆ. "ನೀವು ಚೆನ್ನಾಗೇ ಹಾಡ್ತೀರ ಅಮ್ಮ, ಗೇಟಿಂದ ಆಚೆ ಹಾಡಿ" ಅಂದ. ಕರೋಕೆ ಸರ್, ನಿಮ್ಮ ಮಾತು ಸ್ವಲ್ಪ ಚುಚ್ಚಿತು. ಡಬ್ಬದವರನ್ನೂ ಕರೆದಿದ್ದೇನೆ. ಅವರಿಗೆ ಎರಡು ಹಾಡು, ಲೈಟ್ ಆಫ್. ಭಾನುವಾರ ನಮ್ಮ ಟೆರೇಸ್, ನೀರಿನ ಟ್ಯಾಂಕಿನ ಪಕ್ಕ. ಅಲ್ಲಿಗೆ ಕೆರೆ ಗಾಳಿ ಬರುತ್ತದೆ, ಸೊಳ್ಳೆಯೂ ಬರುತ್ತದೆ. ಎದುರು ಮನೆಯ ತಾಯಿಯನ್ನೂ ಕರೆದೆ. "ಪರೀಕ್ಷೆ ಮುಗಿದ್ಮೇಲೆ ಬರ್ತೀನಿ ಆಂಟಿ, ಅಲ್ಲೀವರೆಗೂ ಏಳೂವರೆಗೆ ನಿಲ್ಲಿಸಿಬಿಡಿ" ಎಂದರು. ಒಪ್ಪಿಕೊಂಡೆ.

ಕೆ ಬ್ಲಾಕಿನವರೇ, ನೀವು ಒಂದು ದಿನ ತಡವಾಗಿ ಹೇಳಿದಿರಿ. ಕೋಡುಬಳೆಗೆ ಹಿಟ್ಟು ಆಗಲೇ ಹುರಿದಿಟ್ಟಿದ್ದೇನೆ.