ಡಿಸೆಂಬರ್‌ನಲ್ಲಿ ಗಾಲ್ಫ್ ಪ್ರವಾಸ: ಬಿಸಿಲಿನ ಬಗ್ಗೆ ಚರ್ಮದ ಡಾಕ್ಟರಿಗೆ ಕೇಳಿದ್ದು

ಪ್ರಶ್ನೆ: ನಮಸ್ಕಾರ ಡಾಕ್ಟರ್ ಮೇಡಂ. ನಮ್ಮೂರು ಶಿವಮೊಗ್ಗ, ಹನ್ನೊಂದು ವರ್ಷದಿಂದ ಮ್ಯಾಂಚೆಸ್ಟರ್ ಹತ್ತಿರ ಇದ್ದೇವೆ. ಆಫೀಸಿನವರ ಜೊತೆ ಸುಮ್ನೆ ಗಾಲ್ಫ್ ಶುರು ಮಾಡಿದ್ದು, ಈಗ ಬಿಡೋಕೆ ಆಗುತ್ತಿಲ್ಲ. ಇಲ್ಲಿ ನವೆಂಬರ್ ಬಂತೆಂದರೆ ಗಾಲ್ಫ್ ಕೋರ್ಸ್ ಎಲ್ಲ ನಾಟಿಗೆ ಹದ ಮಾಡಿದ ಗದ್ದೆ. ಅದಕ್ಕೇ ಡಿಸೆಂಬರ್ ಕೊನೆಯ ವಾರ ನಾನು, ಹೆಂಡತಿ, ಇಬ್ಬರು ಸ್ನೇಹಿತರು ಬಿಸಿಲಿರುವ ಕಡೆ ಐದು ದಿನದ ಗಾಲ್ಫ್ ಪ್ರವಾಸ ಮಾಡೋಣ ಎಂದುಕೊಂಡಿದ್ದೇವೆ. ಪೋರ್ಚುಗಲ್‌ನ ಅಲ್ಗಾರ್ವ್, ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪ, ಇಲ್ಲವೇ ದುಬೈ. ಹೆಂಡತಿ ಈಗಲೇ ಸನ್‌ಸ್ಕ್ರೀನ್ ಲೆಕ್ಕ ಹಾಕುತ್ತಿದ್ದಾಳೆ. ಚಳಿಗಾಲದ ಬಿಸಿಲಿಗೆ, ಅದೂ ನಮ್ಮ ಮೈಬಣ್ಣಕ್ಕೆ ಇಷ್ಟೆಲ್ಲ ಬೇಕಾ? ಶಿವಮೊಗ್ಗದ ಏಪ್ರಿಲ್ ಬಿಸಿಲಲ್ಲಿ ಕ್ರಿಕೆಟ್ ಆಡಿ ಬೆಳೆದವನು ನಾನು.

ಉತ್ತರ (ಚರ್ಮವೈದ್ಯೆ): ಕ್ರಿಕೆಟ್‌ನಲ್ಲಿ ಬ್ಯಾಟಿಂಗ್ ಸರದಿ ಬರುವವರೆಗೆ ಮರದ ಕೆಳಗೆ ಕೂತಿರುತ್ತಿದ್ದಿರಿ, ಅಲ್ವಾ? ಗಾಲ್ಫ್‌ನಲ್ಲಿ ಆ ಮರ ಇಲ್ಲ. 18 ಹೋಲ್‌ನ ಒಂದು ಪೂರ್ತಿ ಆಟ ಎಂದರೆ ನಾಲ್ಕು, ನಾಲ್ಕೂವರೆ ತಾಸು ಬಯಲಲ್ಲೇ ನಡೆಯಬೇಕು.

ಬಿಸಿ ಅನ್ನಿಸುವುದು ಬೇರೆ, ಚರ್ಮ ಸುಡುವುದು ಬೇರೆ. ಸುಡುವುದು ಯುವಿ, ಅಂದರೆ ಅತಿನೇರಳೆ ಕಿರಣ, ಅದು ಮೈಗೆ ಗೊತ್ತೇ ಆಗುವುದಿಲ್ಲ. ನಾನೇ ಒಂದು ಜನವರಿಯಲ್ಲಿ ಟೆನೆರಿಫ್‌ನ ಗಾಲ್ಫ್ ಡೆಲ್ ಸುರ್‌ನಲ್ಲಿ ಆಡಿದ್ದೆ. ಜ್ವಾಲಾಮುಖಿಯ ದ್ವೀಪ ನೋಡಿ, ಅಲ್ಲಿನ ಬಂಕರ್‌ಗಳಲ್ಲಿ, ಅಂದರೆ ಮರಳಿನ ಗುಂಡಿಗಳಲ್ಲಿ, ಕಪ್ಪು ಮರಳು. ಒಂದರಲ್ಲಿ ಸಿಕ್ಕಿಹಾಕಿಕೊಂಡು ತಲೆ ತಗ್ಗಿಸಿ ನಾಲ್ಕು ಹೊಡೆತ ಹೊಡೆದೆ. 20 ಡಿಗ್ರಿ, ಸಮುದ್ರದ ಗಾಳಿ, ಸ್ವೆಟರ್ ಬೇಕಿತ್ತೇನೋ ಅನ್ನಿಸುವಷ್ಟು ಹಿತ. ಸಂಜೆ ಸ್ನಾನಕ್ಕೆ ನಿಂತು ಕತ್ತಿನ ಹಿಂದೆ ನೀರು ಬಿದ್ದಾಗ ಅಯ್ಯೋ ಎಂದು ಕೂಗಿದೆ. ಮೂಗಿಗೆ, ಕೆನ್ನೆಗೆ ಹಚ್ಚಿಕೊಂಡಿದ್ದ ಚರ್ಮದ ಡಾಕ್ಟರು ಕತ್ತನ್ನು ಮರೆತಿದ್ದರು. ಚೆಂಡು ನೋಡುತ್ತಾ ಬಗ್ಗಿದಾಗಲೆಲ್ಲ ಸೂರ್ಯನಿಗೆ ಸಿಗುವುದು ಕತ್ತೇ.

ಹಾಗಾಗಿ ಹವಾಮಾನದ ಆ್ಯಪ್‌ನಲ್ಲಿ ಡಿಗ್ರಿ ಬಿಟ್ಟು ಯುವಿ ಇಂಡೆಕ್ಸ್, ಅಂದರೆ ಯುವಿ ಎಷ್ಟು ಜೋರಿದೆ ಎನ್ನುವ ಅಂಕಿ, ನೋಡಿ. 3 ಅಥವಾ ಅದಕ್ಕಿಂತ ಹೆಚ್ಚಾದರೆ ರಕ್ಷಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡಿಸೆಂಬರ್ ಮಧ್ಯಾಹ್ನ ನಿಮ್ಮ ಮ್ಯಾಂಚೆಸ್ಟರ್‌ನಲ್ಲಿ ಅದು 0 ಅಥವಾ 1. ಅಲ್ಗಾರ್ವ್‌ನಲ್ಲಿ 2ರ ಸುಮಾರು, ಟೆನೆರಿಫ್‌ನಲ್ಲಿ 4ರ ಆಸುಪಾಸು, ದುಬೈನಲ್ಲಿ ಇನ್ನೊಂದು ಹೆಚ್ಚು. ಬೆಂಗಳೂರಲ್ಲಿ ಇದೇ ತಿಂಗಳು ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಹಾಗಂತ 4 ಅಂದರೆ ಏನೂ ಅಲ್ಲ ಎನ್ನಬೇಡಿ. ಎರಡು ತಿಂಗಳು ಕೋಟಿನೊಳಗೇ ಇದ್ದ ಚರ್ಮವನ್ನು ಒಮ್ಮೆಲೇ ಐದು ದಿನ, ದಿನಕ್ಕೆ ನಾಲ್ಕು ತಾಸು ಬಿಸಿಲಿಗೆ ಒಡ್ಡುತ್ತೀರಿ.

ನನ್ನನ್ನು ಕೇಳಿದರೆ ಟೆನೆರಿಫ್‌ನ ದಕ್ಷಿಣ ಭಾಗ. ಅಲ್ಗಾರ್ವ್ ಚಂದ, ಆದರೆ ಡಿಸೆಂಬರ್ ಅಲ್ಲಿ ಮಳೆಗಾಲ. ಮ್ಯಾಂಚೆಸ್ಟರ್ ಮಳೆಯಿಂದ ಓಡಿಹೋಗಿ ಅಲ್ಲೂ ಛತ್ರಿ ಹಿಡಿಯುವುದು ಯಾಕೆ? ದುಬೈಯಲ್ಲಿ ಹವೆ ಖಚಿತ, ಆದರೆ ವಿಮಾನದಲ್ಲೇ ಏಳು ತಾಸು ಹೋಗುತ್ತದೆ.

ಪ್ರಶ್ನೆ: ನಮ್ಮ ನೆರಳು ನಮಗಿಂತ ಉದ್ದ ಇದ್ದರೆ ಬಿಸಿಲು ಏನೂ ಮಾಡಲ್ಲ ಅಂತ ಎಲ್ಲೋ ಓದಿದ್ದೆ. ಅದು ಸರಿಯಾ ಮೇಡಂ?

ಉತ್ತರ: ಅದು ಬರೀ ಅಂದಾಜಿನ ಲೆಕ್ಕ. ಅದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಡಿಸೆಂಬರ್ ಕೊನೆಯಲ್ಲಿ ಮ್ಯಾಂಚೆಸ್ಟರ್‌ನ ನಡುಮಧ್ಯಾಹ್ನ ಐದೂವರೆ ಅಡಿ ಆಳಿನ ನೆರಳು ಇಪ್ಪತ್ತಮೂರು ಅಡಿಗಿಂತ ಉದ್ದ ಬೀಳುತ್ತದೆ. ಟೆನೆರಿಫ್‌ನಲ್ಲಿ ಅದೇ ಆಳಿಗೆ ಹೆಚ್ಚುಕಡಿಮೆ ಏಳು ಅಡಿ. ಅಂದರೆ ಅಲ್ಲಿ ಆ ವಾರ ಯಾವ ಹೊತ್ತಲ್ಲೂ ನೆರಳು ನಿಮಗಿಂತ ಗಿಡ್ಡ ಆಗುವುದೇ ಇಲ್ಲ, ಆದರೂ ಇಂಡೆಕ್ಸ್ 3 ದಾಟಿರುತ್ತದೆ. ಆ್ಯಪ್ ನೋಡುವುದೇ ವಾಸಿ.

ಇನ್ನೊಂದು ವಿಷಯ. ಟೆನೆರಿಫ್ ಗಡಿಯಾರವೂ ಇಂಗ್ಲೆಂಡ್ ಗಡಿಯಾರವೂ ಒಂದೇ, ಆದರೆ ದ್ವೀಪ ತುಂಬಾ ಪಶ್ಚಿಮಕ್ಕಿದೆ. ಸೂರ್ಯ ನೆತ್ತಿಗೆ ಹತ್ತಿರ ಬರುವುದು 12ಕ್ಕಲ್ಲ, 1 ಗಂಟೆ ದಾಟಿದ ಮೇಲೆ. 11ರಿಂದ 3 ಜೋರು ಹೊತ್ತು. ಬೆಳಗಾಗುವುದು 8ರ ಹತ್ತಿರ. ಎಂಟೂವರೆಯ ಟೀ ಟೈಮ್ (ಆಟ ಶುರು ಮಾಡಲು ಕೊಡುವ ಹೊತ್ತು) ಸಿಕ್ಕರೆ ಮೊದಲ ಒಂಬತ್ತು ಹೋಲ್ ಎಳೆಬಿಸಿಲಲ್ಲೇ ಮುಗಿಯುತ್ತವೆ. ಮೊದಲು ಟೀ ಟೈಮ್ ಸರಿ ಮಾಡಿಕೊಳ್ಳಿ, ಕ್ರೀಮ್ ಆಮೇಲೆ.

ಇನ್ನೊಬ್ಬ ಓದುಗರು: ನಾನು ಸನ್‌ಸ್ಕ್ರೀನ್ ಹಚ್ಚದಿರುವುದಕ್ಕೆ ಕಾರಣ ಸೋಮಾರಿತನ ಅಲ್ಲ. ಕೈ ಜಾರುತ್ತದೆ, ಕ್ಲಬ್ ಹಿಡಿಯೋಕೇ ಆಗಲ್ಲ. ಬೆವರಿದರೆ ಕಣ್ಣು ಬೇರೆ ಉರಿಯುತ್ತದೆ.

ಉತ್ತರ: ಗಾಲ್ಫ್ ಆಡುವವರೆಲ್ಲ ಹೇಳುವ ಮಾತು ಇದು, ನಿಜವೂ ಹೌದು. ಹೀಗೆ ಮಾಡಿ. ಒಂದು ಹಿಂಗೈ ಮೇಲೆ ಕ್ರೀಮ್ ಹಾಕಿಕೊಳ್ಳಿ. ಅಂಗೈ ತಾಗಿಸದೆ ಎರಡೂ ಹಿಂಗೈಗಳನ್ನು ಒಂದಕ್ಕೊಂದು ಉಜ್ಜಿ. ಅಂಗೈಗೆ ಹನಿಯೂ ತಾಗುವುದಿಲ್ಲ. ಮುಖಕ್ಕೆ ಆಟದ ಮಧ್ಯೆ ಸ್ಟಿಕ್ ರೂಪದ್ದು ಬಳಸಿ, ಹುಬ್ಬಿನ ಮೇಲೆ ಹಚ್ಚಬೇಡಿ. ಬೆವರಿನ ಜೊತೆ ಕಣ್ಣಿಗೆ ಇಳಿಯುವುದು ಅಲ್ಲಿಂದಲೇ. ಹಣೆಯನ್ನು ಟೋಪಿಗೆ ಬಿಡಿ. ಮೊದಲ ಸುತ್ತು ಹೋಟೆಲಿನಲ್ಲೇ, ಹೊರಡುವ ಅರ್ಧ ತಾಸು ಮೊದಲು ಹಚ್ಚಿ ಅಂಗೈ ಮಾತ್ರ ತೊಳೆದುಬಿಡಿ. ಎರಡನೆಯದು ಒಂಬತ್ತನೇ ಹೋಲ್ ಮುಗಿದಾಗ. ಎರಡು ತಾಸಿಗೊಮ್ಮೆ ಎನ್ನುವ ನಿಯಮಕ್ಕೆ ಅದು ಹೆಚ್ಚುಕಡಿಮೆ ಹೊಂದುತ್ತದೆ, ನೆನಪೂ ಉಳಿಯುತ್ತದೆ.

ನನ್ನ ಕ್ಲಿನಿಕ್‌ಗೆ ಬಂದವರು ಎರಡೂ ಕೈ ಮೇಜಿನ ಮೇಲಿಟ್ಟರೆ ಗಾಲ್ಫ್ ಆಡುತ್ತಾರಾ ಎಂದು ಹೇಳಿಬಿಡಬಹುದು. ಬಲಗೈ ಆಟಗಾರ ಗ್ಲವ್ ಹಾಕುವುದು ಎಡಗೈಗೆ. ಅದು ಮಣಿಕಟ್ಟಿನವರೆಗೆ ಬೆಳ್ಳಗೆ, ಬಲಗೈ ಕಾಫಿಪುಡಿ ಬಣ್ಣ. ನೋಡಿದರೆ ಇಬ್ಬರ ಕೈ ಅನ್ನಬೇಕು.

ಸನ್‌ಸ್ಕ್ರೀನ್ ಬಾಟಲಿ ಮೇಲಿನ ಎಸ್‌ಪಿಎಫ್, ಅಂದರೆ ರಕ್ಷಣೆಯ ಅಂಕಿ, 30 ಇದ್ದರೆ ಸಾಕು. ಅದು ಚರ್ಮ ಸುಡುವ ಯುವಿಬಿ ಕಿರಣವನ್ನು ಶೇ 97ರಷ್ಟು ತಡೆಯುತ್ತದೆ, 50 ಆದರೆ ಶೇ 98. ನೂರು ಹಾಕಿ ತೆಳ್ಳಗೆ ಸವರುವುದಕ್ಕಿಂತ ಮೂವತ್ತನ್ನು ಧಾರಾಳವಾಗಿ ಹಚ್ಚುವುದು ಮೇಲು. ಮುಖ, ಕತ್ತಿಗೆ ಒಂದು ಟೀ ಚಮಚ. ಬಾಟಲಿ ಮೇಲೆ ವೃತ್ತದೊಳಗೆ ಯುವಿಎ ಎಂದಿದೆಯಾ ನೋಡಿ, ಯುವಿಎ ಎಂಬ ಇನ್ನೊಂದು ಥರದ ಯುವಿಯನ್ನೂ ತಡೆಯುತ್ತದೆ ಎನ್ನುವುದಕ್ಕೆ ಯುರೋಪಿನಲ್ಲಿ ಗುರುತು ಅದು. ಊರಿಂದ ತಂದದ್ದಾದರೆ ಅದೇ ಅರ್ಥಕ್ಕೆ ಪಿಎ ಮುಂದೆ ಪ್ಲಸ್‌ಗಳಿರುತ್ತವೆ. ಹೋದ ಬೇಸಿಗೆಯಿಂದ ಕಾರಿನಲ್ಲೇ ಬಿದ್ದಿರುವ ಬಾಟಲಿಯನ್ನು ದಯವಿಟ್ಟು ಎಸೆಯಿರಿ.

ಪ್ರಶ್ನೆ ಕೇಳಿದವರ ಹೆಂಡತಿ: ಮೇಡಂ, ಲೆಕ್ಕ ಹಾಕುತ್ತಿರುವವಳು ನಾನೇ. ನಾಲ್ಕು ಜನಕ್ಕೆ ಐದು ದಿನಕ್ಕೆ ಎಷ್ಟು ಬೇಕು? ನನಗೆ ಎರಡನೇ ಹೆರಿಗೆಯ ನಂತರ ಕೆನ್ನೆ ಮೇಲೆ ಭಂಗು ಬಂದಿದೆ. ನಾನು ಆಡುವುದಿಲ್ಲ, ಬಗ್ಗಿಯಲ್ಲಿ, ಅಂದರೆ ಗಾಲ್ಫ್ ಗಾಡಿಯಲ್ಲಿ, ಕೂತಿರುತ್ತೇನೆ. ಮೇಲೆ ಚಾವಣಿ ಇದೆಯಲ್ಲ, ಪರವಾಗಿಲ್ವಾ?

ಉತ್ತರ: ನೀವು ಕೇಳಿದ್ದು ಒಳ್ಳೆಯದಾಯಿತು. ನಮ್ಮ ಮೈಬಣ್ಣದವರಿಗೆ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ತುಂಬಾ ಕಡಿಮೆ. ನಮ್ಮನ್ನು ಕಾಡುವುದು ಕಲೆ, ಅದರಲ್ಲೂ ಭಂಗು. ಆರು ತಿಂಗಳು ಕ್ರೀಮ್ ಹಚ್ಚಿ ತಿಳಿಯಾಗಿಸಿದ್ದನ್ನು ಒಂದು ವಾರದ ಬಿಸಿಲು ವಾಪಸ್ ತರುತ್ತದೆ. ಬಗ್ಗಿಯ ಚಾವಣಿ ನೇರ ಬಿಸಿಲನ್ನು ಮಾತ್ರ ತಡೆಯುತ್ತದೆ. ಯುವಿ ಆಕಾಶದ ಎಲ್ಲ ಕಡೆಯಿಂದ ಚದುರಿ ಬರುತ್ತದೆ, ತೆಳು ಮೋಡವನ್ನೂ ದಾಟುತ್ತದೆ. ಭಂಗಿಗೆ ಕಣ್ಣಿಗೆ ಕಾಣುವ ಬೆಳಕೂ ವೈರಿ. ಹಾಗಾಗಿ ನಿಮಗೆ ಮಾಮೂಲಿ ಬಿಳಿ ಕ್ರೀಮ್ ಸಾಲದು. ಐರನ್ ಆಕ್ಸೈಡ್ ಇರುವ, ಮೈಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ತೆಗೆದುಕೊಳ್ಳಿ. ಅಗಲ ಅಂಚಿನ ಟೋಪಿಯೂ ಇರಲಿ.

ಲೆಕ್ಕ ಹೇಳುತ್ತೇನೆ. ಎಲ್ಲರೂ ಚಡ್ಡಿ, ಅರ್ಧ ತೋಳು ಹಾಕಿದರೆ ಒಬ್ಬರಿಗೆ ಒಂದು ಸಲಕ್ಕೆ ನಾಲ್ಕು ಟೀ ಚಮಚ, ಅಂದರೆ 20 ಮಿ.ಲೀ. ದಿನಕ್ಕೆ ಎರಡು ಸಲ, ನಾಲ್ಕು ಜನ, ಐದು ದಿನ: 800 ಮಿ.ಲೀ. ಅದೇ ಪ್ಯಾಂಟ್, ತುಂಬು ತೋಳು ಆದರೆ ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ. ಬಟ್ಟೆ ಎರಡು ತಾಸಿಗೆ ಅಳಿಸಿಹೋಗುವುದೂ ಇಲ್ಲ. ಯುಪಿಎಫ್ (ಬಟ್ಟೆಗೆ ಕೊಡುವ ರಕ್ಷಣೆಯ ಅಂಕಿ) 50 ಎಂದು ಬರೆದಿರುವ ಬಟ್ಟೆ ಐವತ್ತರಲ್ಲಿ ಒಂದು ಪಾಲು ಯುವಿಯನ್ನಷ್ಟೇ ಒಳಗೆ ಬಿಡುತ್ತದೆ. ತೆಳ್ಳಗಿನ ಬಿಳಿ ಕಾಟನ್ ಟೀ ಶರ್ಟ್, ಅದೂ ಬೆವರಿಗೆ ಒದ್ದೆಯಾದರೆ, ಹಾಕಿಯೂ ಹಾಕದ ಹಾಗೆ. ತೋಳಿಗೆ ಸಿಕ್ಕಿಸುವ ಸ್ಲೀವ್ ಸಿಗುತ್ತದೆ, ಕಾಲರ್ ಇರುವ ಅಂಗಿ ಜೊತೆ ಹಾಕಿಕೊಳ್ಳಬಹುದು.

ಕ್ರೀಮ್ ಬಾಟಲಿ ಕೈಚೀಲದಲ್ಲಿ ಬೇಡ. ಈಗಲೂ ಹಲವು ವಿಮಾನ ನಿಲ್ದಾಣಗಳಲ್ಲಿ 100 ಮಿ.ಲೀ. ಮೇಲಿದ್ದರೆ ಬುಟ್ಟಿಗೆ ಹೋಗುತ್ತದೆ. ಗಾಲ್ಫ್ ಬ್ಯಾಗಿನ ಜೇಬಿಗೆ ಹಾಕಿ ಲಗೇಜಿಗೆ ಬಿಡಿ.

ಜೊತೆಗೆ ಹೋಗುವ ಸ್ನೇಹಿತರು, 63 ವರ್ಷ: ನನಗೆ ಬಿಪಿ ಇದೆ. ಮಾತ್ರೆ ಊರಿಂದಲೇ ತರಿಸುತ್ತೇನೆ. ಹೋದ ಬೇಸಿಗೆಯಲ್ಲಿ ಆಡಿ ಬಂದ ಸಂಜೆ ಕಾಲುಚೀಲದ ಗೆರೆಯಿಂದ ಮೇಲೆ ಮೀನಖಂಡದ ತನಕ ಕೆಂಪು ಕೆಂಪಾಗಿತ್ತು, ಉರಿ ಬೇರೆ. ಕಾಲುಚೀಲದ ಒಳಗೆ ಮಾತ್ರ ಏನೂ ಇರಲಿಲ್ಲ. ಬಿಸಿಲಿನ ಅಲರ್ಜಿಯಾ?

ಉತ್ತರ: ಸರ್, ನೀವು ಹೇಳಿದ ರೀತಿಗೆ ಅದು ಬಿಸಿಲಿನದ್ದಲ್ಲ ಅನ್ನಿಸುತ್ತದೆ. ಇದಕ್ಕೆ ನಮ್ಮಲ್ಲಿ ಗಾಲ್ಫರ್ಸ್ ವ್ಯಾಸ್ಕ್ಯುಲೈಟಿಸ್ ಎಂದೇ ಹೆಸರಿದೆ. ಸೆಕೆಯಲ್ಲಿ ಗಂಟೆಗಟ್ಟಲೆ ನಡೆದಾಗ ಕಾಲಿನ ಸಣ್ಣ ರಕ್ತನಾಳಗಳು ಊದಿಕೊಳ್ಳುತ್ತವೆ. ವಯಸ್ಸು 50 ದಾಟಿದವರಲ್ಲಿ ಹೆಚ್ಚು. ಕಾಲು ಎತ್ತರಕ್ಕಿಟ್ಟು ಕೂತರೆ ಒಂದೆರಡು ವಾರದೊಳಗೆ ತಾನೇ ಇಳಿಯುತ್ತದೆ. ಮತ್ತೆ ಬಂದರೆ, ಹೋಗದೇ ಉಳಿದರೆ, ಫೋಟೋ ತೆಗೆದು ನಿಮ್ಮ ಜಿಪಿಗೆ, ಅಂದರೆ ಮಾಮೂಲಿ ಡಾಕ್ಟರಿಗೆ, ತೋರಿಸಿ. ಒಂದು ದಿನ ಬಿಟ್ಟು ಒಂದು ದಿನ ಬಗ್ಗಿ ತೆಗೆದುಕೊಳ್ಳಿ.

ನಿಜವಾದ ಬಿಸಿಲಿನ ಅಲರ್ಜಿ ಬೇರೆ ಥರ. ಚಳಿಗಾಲದಲ್ಲಿ ದಿಢೀರನೆ ಬಿಸಿಲಿಗೆ ಹೋದವರಿಗೆ ಮೊದಲೆರಡು ದಿನದಲ್ಲಿ ಮುಂಗೈ, ಎದೆ, ಕತ್ತಿನ ಮೇಲೆ ಸಾಸಿವೆಯಷ್ಟು ಗುಳ್ಳೆಗಳೆದ್ದು ತುರಿಸುತ್ತವೆ. ಜನ ಬೆವರುಸಾಲೆ ಎಂದುಕೊಂಡು ಪೌಡರ್ ಹಾಕುತ್ತಾರೆ. ಅದಕ್ಕೆ ಬೇಕಾದ್ದು ತುಂಬು ತೋಳು.

ಬಿಪಿ ಮಾತ್ರೆಯ ಪಟ್ಟಿ ಹಿಂದೆ ಹೆಸರಿನ ಕೊನೆಗೆ ಎಚ್ ಅಕ್ಷರ ಇದೆಯಾ ನೋಡಿ. ಇದ್ದರೆ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಾಜೈಡ್ ಸೇರಿರುತ್ತದೆ. ಅದು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ, ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವು ಚರ್ಮದ ಕ್ಯಾನ್ಸರ್‌ಗಳ ಅಪಾಯವನ್ನೂ ಹೆಚ್ಚಿಸುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಹೋಗುವ ಮೊದಲು ಜಿಪಿಯನ್ನು ಒಮ್ಮೆ ಕೇಳಿ. ಮೊಡವೆಗೆಂದು ಡಾಕ್ಸಿಸೈಕ್ಲಿನ್ ನುಂಗುವ ಮಕ್ಕಳಿಗೂ ಇದೇ ಎಚ್ಚರಿಕೆ. ಮತ್ತೆ ಸರ್, ತಲೆಯಲ್ಲಿ ಕೂದಲು ಕಡಿಮೆ ಇದ್ದರೆ ನೆತ್ತಿ ತೆರೆದಿರುವ ವೈಸರ್ ಬಿಟ್ಟು ಪೂರ್ತಿ ಟೋಪಿ. ಕ್ಯಾಪ್ ಹಾಕಿದರೆ ಕಿವಿ ಹೊರಗೇ ಉಳಿಯುತ್ತದೆ, ಅದಕ್ಕೂ ಹಚ್ಚಿ.

ಮತ್ತೊಬ್ಬ ಓದುಗರು: ಎಲ್ಲ ಮುಚ್ಚಿಕೊಂಡರೆ ವಿಟಮಿನ್ ಡಿ ಗತಿ? ನಮಗೆಲ್ಲ ಕಡಿಮೆ ಅಂತಲೇ ರಿಪೋರ್ಟ್ ಬರುತ್ತೆ.

ಉತ್ತರ: ಐದು ದಿನದ ಬಿಸಿಲಿಂದ ವರ್ಷದ ಕೊರತೆ ತುಂಬುವುದಿಲ್ಲ. ಇಂಗ್ಲೆಂಡಿನ ಚಳಿಗಾಲಕ್ಕೆ ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ಸಾಕು, ನಮ್ಮ ಬಣ್ಣದವರು ವರ್ಷಪೂರ್ತಿ ತೆಗೆದುಕೊಂಡರೂ ಸರಿ.

ಪ್ರಶ್ನೆ: ಮೇಡಂ, ಟೆನೆರಿಫ್ ಬುಕ್ ಮಾಡಿದೆವು. ಟೀ ಟೈಮ್ ಮೂರು ದಿನ 8.40, ಎರಡು ದಿನ 12ಕ್ಕೇ ಸಿಕ್ಕಿದ್ದು. ಆ ಎರಡು ದಿನ ಏನು ಮಾಡಲಿ?

ಉತ್ತರ: ಆ ಎರಡು ದಿನ ಗಾಲ್ಫ್ ಛತ್ರಿ ಬಿಚ್ಚಿಕೊಂಡೇ ನಡೆಯಿರಿ, ನಾನು ಹಾಗೇ ಮಾಡುವುದು. ಊರಲ್ಲಿ ಅಜ್ಜ ಬಿಸಿಲಿಗೆ ಛತ್ರಿ ಹಿಡಿದು ಪೇಟೆಗೆ ಹೋಗುತ್ತಿರಲಿಲ್ಲವೇ? ಗಾಳಿ ಜೋರಿರುತ್ತದೆ, ಎರಡು ಪದರದ್ದೇ ತನ್ನಿ, ಇಲ್ಲವಾದರೆ ಮೂರನೇ ಹೋಲ್‌ಗೆ ಮಗುಚಿಕೊಳ್ಳುತ್ತದೆ.