ಸರಣಿ ಮುಗಿಯುವವರೆಗೆ ಕಾಯಬೇಕಾ, ಬಂದ ಹಾಗೆ ಓದಬೇಕಾ? ಅನುಭವ ಇರುವವರು ಹೇಳಿ

ಕನ್ನಡಿ ಮುಂದೆ
ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಹದಿಹರೆಯದವರಿಗೆ ಅಂತ ಬರೆದ ದೆವ್ವದ ಕಥೆ, ಪತ್ತೇದಾರಿ ಕಥೆಗಳ ಹುಚ್ಚು ಹಿಡಿದಿದ್ದು ಹೋದ ವರ್ಷ. ಈಗ ಒಂದು ಸರಣಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಹೆಸರು ಹೇಳುವುದಿಲ್ಲ, ಯಾರಾದರೂ ಬಾಯಿಬಿಟ್ಟರೆ ಕಷ್ಟ. ಹಾಸ್ಟೆಲ್ ಇರುವ ಶಾಲೆ. ಅಕ್ಕ ಸತ್ತಿದ್ದಾಳೆ, ಕನ್ನಡಿಯಲ್ಲಿ ಮಾತ್ರ ಕಾಣುತ್ತಾಳೆ. ಕೊಂದವರು ಯಾರು ಅಂತ ತಂಗಿ ಹುಡುಕುತ್ತಾಳೆ. ಒಟ್ಟು 5 ಭಾಗ ಅಂದಿದ್ದಾರೆ. 3 ಓದಿದ್ದೇನೆ. ನಾಲ್ಕನೆಯದು ಮೇಜಿನ ಮೇಲಿದೆ. ಐದನೆಯದು ಯಾವಾಗ ಬರುತ್ತೋ ಗೊತ್ತಿಲ್ಲ. ಮೂರನೆಯದನ್ನು ಎಂಥ ಜಾಗದಲ್ಲಿ ನಿಲ್ಲಿಸಿದ್ದಾರೆ ಅಂದರೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕನೆಯದನ್ನು ಈಗಲೇ ಓದಲಾ, ಐದನೆಯದು ಬರುವವರೆಗೆ ಮುಚ್ಚಿಡಲಾ?

ಅರ್ಧದಾರಿ
ಮುಚ್ಚಿಡಿ. ಟೇಪ್ ಸುತ್ತಿ ಅಟ್ಟದ ಮೇಲೆ ಹಾಕಿ.

ನನ್ನದು 3 ಭಾಗದ ಸರಣಿ. ಎರಡು ಬಂದವು. ಎರಡನೆಯದರ ಕೊನೆಯ ಸಾಲಲ್ಲಿ ನಾಯಕಿ ಬಾವಿಗೆ ಇಣುಕುತ್ತಾಳೆ, ಒಳಗಿಂದ ಅವಳದೇ ದನಿ ಅವಳನ್ನು ಕರೆಯುತ್ತೆ. ಅಷ್ಟೇ. ಮೂರನೆಯದು ‘ಮುಂದಿನ ವರ್ಷ’ ಅಂದರು. ಮುಖಪುಟ ತೋರಿಸಿದರು. ಆಮೇಲೆ ಆ ಮುಖಪುಟವೂ ಮಾಯ. ಮಾರಾಟ ಸಾಲದೆ ಪ್ರಕಾಶಕರು ಕೈಬಿಟ್ಟಿದ್ದಾರೆ ಅಂತ ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ. ಆ ಹುಡುಗಿ ಇವತ್ತಿಗೂ ಬಾವಿಕಟ್ಟೆ ಮೇಲೆ ಬಗ್ಗಿಯೇ ನಿಂತಿದ್ದಾಳೆ.

ಆ ಎರಡು ವರ್ಷ ನಾನು ಮಾಡಿದ್ದು ಕೇಳಿ. ಎರಡನೇ ಭಾಗವನ್ನು 6 ಸಲ ಓದಿದೆ. 200 ಪುಟದ ನೋಟ್‌ಬುಕ್ಕಲ್ಲಿ ಸುಳಿವುಗಳನ್ನೆಲ್ಲ ಬರೆದಿಟ್ಟೆ. ಒಟ್ಟು 41. ಬಗೆಹರಿದದ್ದು 24, ಹಾಗೇ ಉಳಿದದ್ದು 17. ಒಂಬತ್ತನೇ ಸುಳಿವು ಒಂದು ತುಕ್ಕು ಹಿಡಿದ ಕೀಲಿ. ಅದು ಯಾವ ಬೀಗದ್ದು ಅಂತ ನಡುರಾತ್ರಿ ಎದ್ದು ಕೂತು ಯೋಚಿಸಿದ್ದೇನೆ. ತಡೆಯಲಾರದೆ ಮೂರನೇ ಭಾಗ ನಾನೇ ಬರೆದೆ. ಫ್ಯಾನ್‌ಫಿಕ್ಷನ್ ಅಂತ ನಗಬೇಡಿ. 62,000 ಪದ, 14 ತಿಂಗಳು. ಇಡೀ ಕಥೆ ನಿಂತಿದ್ದು ಆ ಕೀಲಿಯ ಮೇಲೆ. ಓದಿದವರು 9 ಜನ. ಅವರಲ್ಲೊಬ್ಬರು ಬಂದು, ‘ಆ ಕೀಲಿ ಮೊದಲ ಭಾಗದಲ್ಲೇ ನದಿಗೆ ಬಿತ್ತಲ್ಲ, ಎರಡನೆಯದರಲ್ಲಿ ಬರೋದು ಅದರ ನಕಲು ತಾನೇ?’ ಅಂದರು. ತೆಗೆದು ನೋಡಿದೆ. ನಿಜ. ನಾನು 6 ಸಲ ಓದಿದ್ದು ಎರಡನೆಯದನ್ನು, ಮೊದಲನೆಯದನ್ನಲ್ಲ.

ಗಂಟುಮೂಟೆ
ನಿಮಗೆ ಎರಡು ಭಾಗದ ಸುಖವಾದರೂ ಸಿಕ್ಕಿತು. ನಾನು ಜಾಣತನ ಮಾಡಲು ಹೋಗಿ ಅದನ್ನೂ ಕಳೆದುಕೊಂಡೆ.

6 ಭಾಗದ ಸರಣಿ. ಮುಗಿದ ಮೇಲೆಯೇ ಮುಟ್ಟುವುದು ಅಂತ ಹಠ ಹಿಡಿದೆ. 4 ವರ್ಷ. ಒಂದೊಂದು ಭಾಗ ಬಂದ ಹಾಗೆ ತಂದು, ಕಪಾಟಿನಲ್ಲಿ ಹೆಸರು ಕಾಣದ ಹಾಗೆ ಗೋಡೆ ಕಡೆ ತಿರುಗಿಸಿ ಇಟ್ಟೆ. ಗೆಳತಿಯರು ಅದರ ಬಗ್ಗೆ ಮಾತು ಶುರು ಮಾಡಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಮೊದಮೊದಲು ನಕ್ಕರು. ಆಮೇಲೆ ನನ್ನನ್ನು ಕರೆಯುವುದನ್ನೇ ಬಿಟ್ಟರು. ಆರನೆಯದು ಬಂತು. ಒಂದು ವಾರ ರಜೆ ಹಾಕಿದೆ. ಆರನ್ನೂ ಸಾಲಾಗಿ ಜೋಡಿಸೋಣ ಅಂತ ಐದನೆಯದನ್ನು ಕೈಗೆತ್ತಿಕೊಂಡೆ. ಹಿಂಬದಿ ಮುಖಪುಟದ ಮೊದಲ ಸಾಲು: ‘ತಮ್ಮನನ್ನು ಕಳೆದುಕೊಂಡ ಮೇಲೆ...’

ಆ ತಮ್ಮ ಮೊದಲ ನಾಲ್ಕೂ ಭಾಗದಲ್ಲಿ ಪುಟಪುಟಕ್ಕೂ ಇದ್ದಾನೆ. ಜೋಕ್ ಹೊಡೆಯುತ್ತಾನೆ, ಅಕ್ಕನನ್ನು ಎರಡು ಸಲ ಉಳಿಸುತ್ತಾನೆ. 1,600 ಪುಟ ಅವನು ನಗುವುದನ್ನು ನೋಡುತ್ತಾ ಓದಿದೆ, ಸಾಯುತ್ತಾನೆ ಅಂತ ಗೊತ್ತಿದ್ದೂ. ಮುಗಿಸಿ ಯಾರ ಹತ್ತಿರ ಹೇಳಿಕೊಳ್ಳಲಿ? ಗೆಳತಿಯರಿಗೆ ‘ಆ ರೈಲಿನ ದೃಶ್ಯ ಇದೆಯಲ್ಲ’ ಅಂದರೆ ‘ಯಾವ ರೈಲು?’ ಅಂದರು. ಅವರು ಅತ್ತು ಕರೆದು ಮುಗಿಸಿ ಮೂರು ವರ್ಷ ಆಗಿತ್ತು.

ಇವತ್ತೇ ಓದಿ ನೀವು.

ಅರ್ಧದಾರಿ
ಹಿಂಬದಿ ಓದಿದ್ದು ನಿಮ್ಮ ತಪ್ಪು. ಕಾಯುವುದರ ತಪ್ಪಲ್ಲ. ನಾಲ್ಕು ವರ್ಷ ಕಾದವರಿಗೆ ಅಷ್ಟು ತಿಳಿಯಬಾರದಾ?

ಗಂಟುಮೂಟೆ
ನದಿಗೆ ಬಿದ್ದ ಕೀಲಿ ಕಾಣದವರು ನನ್ನ ಕಣ್ಣಿನ ಬಗ್ಗೆ ಮಾತಾಡಬೇಡಿ.

ಮಳೆಯ ಊರು
ಎರಡು, ನಾಲ್ಕು ವರ್ಷಕ್ಕೇ ಇಷ್ಟು ಗೋಳಾ? ನಾನು 12 ವರ್ಷ ಕಾದವಳು.

ರಕ್ತ ಹೀರುವ ವ್ಯಾಂಪೈರ್ ಹುಡುಗನನ್ನು ಹುಡುಗಿಯೊಬ್ಬಳು ಪ್ರೀತಿಸುವ ಕಥೆ ‘ಟ್ವಿಲೈಟ್’ ಬಂದಿದ್ದು 2005ರಲ್ಲಿ. ಅದೇ ಕಥೆಯನ್ನು ಆ ಹುಡುಗ ಎಡ್ವರ್ಡ್ ಹೇಳುವ ಹಾಗೆ ಲೇಖಕಿ ಇನ್ನೊಂದು ಪುಸ್ತಕ ಬರೆಯುತ್ತಿದ್ದರು, ‘ಮಿಡ್‌ನೈಟ್ ಸನ್’. 2008ರಲ್ಲಿ ಅರ್ಧ ಬರೆದ ಪ್ರತಿ ಸೋರಿಕೆಯಾಯಿತು. ಅವರಿಗೆ ಬೇಜಾರಾಗಿ ಬರೆಯುವುದನ್ನೇ ನಿಲ್ಲಿಸಿದರು. ಕದ್ದು ಓದುವುದು ಬೇಡ ಅಂತ ಆ ಅರ್ಧವನ್ನು ತಮ್ಮ ವೆಬ್‌ಸೈಟಲ್ಲಿ ತಾವೇ ಹಾಕಿದರು. ನನಗಾಗ 15. ಅಷ್ಟನ್ನೂ ಪ್ರಿಂಟ್ ತೆಗೆದು, ದಾರ ಹಾಕಿ ಹೊಲಿದು, ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಎಷ್ಟೋ ಸಾಲು ಬಾಯಿಪಾಠ. ಪೂರ್ತಿ ಪುಸ್ತಕ ಬಂದಿದ್ದು 2020ರಲ್ಲಿ. ನನಗೆ 27.

ಬಂದ ದಿನವೇ ಓದಿದೆ. ಆದರೆ ಏನಾಯಿತು ಅಂದರೆ, ಹುಡುಗಿ ಮಲಗಿರುವಾಗ ಅವನು ರಾತ್ರಿ ಕೋಣೆಗೆ ಬಂದು ನೋಡುತ್ತಾ ಕೂರುತ್ತಾನಲ್ಲ, 15ರಲ್ಲಿ ಅದನ್ನು ಓದಿ ಅತ್ತಿದ್ದೆ. 27ರಲ್ಲಿ ಅದೇ ಜಾಗಕ್ಕೆ ಬಂದಾಗ ಎದ್ದು ಹೋಗಿ ನನ್ನ ಕೋಣೆಯ ಕಿಟಕಿಯ ಚಿಲಕ ನೋಡಿ ಬಂದೆ. ಪುಸ್ತಕದ ತಪ್ಪಲ್ಲ. ಕಾದು ಕಾದು ಅದನ್ನು ಓದಬೇಕಾದ ಹುಡುಗಿಯೇ ಮನೆ ಖಾಲಿ ಮಾಡಿಕೊಂಡು ಹೋಗಿದ್ದಳು.

ಆ ಹೊಲಿದ ಪ್ರತಿ ಇನ್ನೂ ಇದೆ. ಯಾರಿಗೂ ಕೊಡುವುದಿಲ್ಲ.

ಕೋರೆಹಲ್ಲು
ಬಿಸಿಲಲ್ಲಿ ಮಿನುಗುವ ವ್ಯಾಂಪೈರ್‌ಗೋಸ್ಕರ 12 ವರ್ಷನಾ! ಬಿಸಿಲು ಬಿದ್ದರೆ ಸುಟ್ಟು ಬೂದಿಯಾಗಬೇಕು. ಅದು ಹಳೇ ಕಾಲದಿಂದ ಬಂದ ನಿಯಮ. ಅದನ್ನೇ ಮುರಿದ ಮೇಲೆ ಅದು ವ್ಯಾಂಪೈರ್ ಕಥೆ ಹೇಗಾಗುತ್ತೆ?

ಮಳೆಯ ಊರು
ಯಾವ ಹಳೇ ಕಾಲ ಸ್ವಾಮಿ? 1897ರ ‘ಡ್ರಾಕುಲಾ’ ತೆಗೆದು ಓದಿ. ಅವನು ಹಗಲು ಹೊತ್ತಲ್ಲಿ ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ. ಹಗಲಲ್ಲಿ ಶಕ್ತಿ ಕಡಿಮೆ, ಅಷ್ಟೇ. ಬಿಸಿಲಿಗೆ ಸಾಯುವುದನ್ನು ತಂದಿದ್ದು ‘ನೊಸ್ಫೆರಾಟು’ ಅನ್ನುವ ಮೂಕಿ ಸಿನಿಮಾ, 1922ರಲ್ಲಿ. ನಿಮ್ಮ ಸನಾತನ ನಿಯಮ ಒಂದು ಸಿನಿಮಾದ್ದು.

ಕೋರೆಹಲ್ಲು
ಸಿನಿಮಾ ಆದರೇನು, ನೂರು ವರ್ಷ ಆಯಿತಲ್ಲ. ಮಿನುಗುವುದಂತೂ ಯಾರೂ ಹೇಳಿರಲಿಲ್ಲ.

ಕನ್ನಡಿ ಮುಂದೆ
ನನ್ನ ಸರಣಿಯಲ್ಲಿ ವ್ಯಾಂಪೈರ್ ಇಲ್ಲ 🙂 ನಾಲ್ಕನೇ ಭಾಗ...?

ಹತ್ತು ನಿಯಮ
ನಾಲ್ಕನೆಯದೂ ಬೇಡ, ಐದನೆಯದೂ ಬೇಡ. ಪತ್ತೇದಾರಿ ಕಥೆಯಲ್ಲಿ ದೆವ್ವ ಬಂತು ಅಂದರೆ ಅಲ್ಲಿಗೆ ಮೋಸ. ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ 1929ರಲ್ಲೇ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದಿಟ್ಟರು. ಎರಡನೆಯದು ನೇರವಾಗಿದೆ: ಅತಿಮಾನುಷ ಶಕ್ತಿಗೆ ಜಾಗವಿಲ್ಲ. ಗುಪ್ತ ದಾರಿ ಕೂಡ ಒಂದಕ್ಕಿಂತ ಜಾಸ್ತಿ ಇರಬಾರದು ಅಂತ ಮೂರನೆಯದು.

ನನಗೆ ಆಗಿದ್ದು ಹೇಳುತ್ತೇನೆ. 480 ಪುಟದ ಒಂದು ಕಾದಂಬರಿ. ಪ್ರತಿ ಅಧ್ಯಾಯ ಮುಗಿದಾಗಲೂ ಯಾರ ಮೇಲೆ ಅನುಮಾನ ಅಂತ ಚೀಟಿ ಬರೆದು ಅಂಟಿಸುತ್ತಾ ಬಂದೆ. ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರು ಅಂತ ಪಟ್ಟಿ, ಬಂಗಲೆಯ ನಕ್ಷೆ, ಎಲ್ಲ ಮಾಡಿದೆ. 440ನೇ ಪುಟದಲ್ಲಿ ಸತ್ತ ಅಜ್ಜಿ ಕನಸಲ್ಲಿ ಬಂದು ಕೊಲೆಗಾರನ ಹೆಸರು ಹೇಳಿ ಹೋದಳು! ನನ್ನ 38 ಚೀಟಿಗೆ ಏನು ಬೆಲೆ ಹಾಗಾದರೆ?

ಮೂರನೇ ಸಾಕ್ಷಿ
ನಿಮ್ಮ ಅಜ್ಜಿಯದು ಮೋಸವೇ, ಒಪ್ಪುತ್ತೇನೆ. ಆದರೆ ಎಲ್ಲ ದೆವ್ವವೂ ಅಜ್ಜಿ ಅಲ್ಲ. ದೆವ್ವಕ್ಕೆ ಏನು ಆಗುತ್ತೆ, ಏನು ಆಗಲ್ಲ ಅಂತ ಮೊದಲ 50 ಪುಟದೊಳಗೆ ಹೇಳಿಬಿಟ್ಟರೆ ಅದು ಆಟದ ನಿಯಮ. ಹಿಂದಿನಿಂದ ಹೊಡೆತ ತಿಂದು ಸತ್ತವಳಿಗೆ ಹೊಡೆದವರು ಯಾರು ಅಂತ ಹೇಗೆ ಗೊತ್ತಿರಬೇಕು? ಅವಳೂ ಒಬ್ಬ ಸಾಕ್ಷಿ. ಸಾಕ್ಷಿ ಮರೆಯಬಹುದು, ಸುಳ್ಳೂ ಹೇಳಬಹುದು. ಸತ್ತವರು ಸುಳ್ಳು ಹೇಳುವ ಕಥೆಯೊಂದನ್ನು ಓದಿ ನಾನು ಪೂರ್ತಿ ಮೋಸ ಹೋದೆ. ಸತ್ತವರು ನಿಜವನ್ನೇ ಹೇಳುತ್ತಾರೆ ಅಂತ ನಂಬಿದ್ದು ನಾನೇ, ಪುಸ್ತಕದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಸುಳಿವು 31ನೇ ಪುಟದಲ್ಲೇ ಇತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಖುಷಿ.

ಹತ್ತು ನಿಯಮ
ಖುಷಿ ಬೇರೆ, ನ್ಯಾಯ ಬೇರೆ.

ಮೂರನೇ ಸಾಕ್ಷಿ
38 ಚೀಟಿಯಲ್ಲಿ ಒಂದರಲ್ಲಾದರೂ ಸರಿ ಹೆಸರಿತ್ತಾ?

ಹತ್ತು ನಿಯಮ
ಅದು ಇಲ್ಲಿ ಮುಖ್ಯ ಅಲ್ಲ.

ಹಳೇ ಟಾರ್ಚು
ನಾನು ಒಂದೊಂದರಲ್ಲೇ ಕಥೆ ಮುಗಿಯುವ ಸರಣಿ ಮಾತ್ರ ಓದುತ್ತೇನೆ. ಯಾರಿಗೂ ಕಾಯುವ ಹಂಗಿಲ್ಲ. ಪತ್ತೇದಾರಿ ಹುಡುಗಿಯ ಸರಣಿ ‘ನ್ಯಾನ್ಸಿ ಡ್ರೂ’ 1930ರಿಂದ ಇದೆ, ಯಾವುದರಿಂದ ಬೇಕಾದರೂ ಶುರು ಮಾಡಿ. ಆದರೆ ಅಲ್ಲೂ ನನಗೊಂದು ಪೆಟ್ಟು ಬಿದ್ದಿದೆ. 11ನೇ ವಯಸ್ಸಲ್ಲಿ ಲೇಖಕಿ ಕ್ಯಾರೊಲಿನ್ ಕೀನ್ ಅವರಿಗೆ ನಾಲ್ಕು ಪುಟದ ಪತ್ರ ಬರೆದೆ. ಮೂರು ಸಲ ತಿದ್ದಿ, ಒಳ್ಳೆಯ ಅಕ್ಷರದಲ್ಲಿ. ಒಂದು ವರ್ಷ ಉತ್ತರಕ್ಕೆ ಕಾದೆ. ದೊಡ್ಡವಳಾದ ಮೇಲೆ ಗೊತ್ತಾಯಿತು, ಆ ಹೆಸರಿನ ಲೇಖಕಿಯೇ ಇರಲಿಲ್ಲ! ಅದು ಹಲವರು ಸೇರಿ ಬರೆಯಲು ಇಟ್ಟುಕೊಂಡ ಹೆಸರು. ಮೊದಲ 30ರಲ್ಲಿ 23 ಬರೆದಿದ್ದು ಮಿಲ್ಡ್ರೆಡ್ ವರ್ಟ್ ಬೆನ್ಸನ್. ಮೇಲಾಗಿ 1959ರಿಂದ ಹಳೆಯ ಭಾಗಗಳನ್ನೆಲ್ಲ ತಿದ್ದಿ ಹೊಸದಾಗಿ ಬರೆಸಿದರು. ಮೊದಲು 16 ವರ್ಷದವಳಾಗಿದ್ದ ನ್ಯಾನ್ಸಿ 18 ಆದಳು. ನಾನು ಪ್ರೀತಿಸಿದ್ದು ಯಾರನ್ನು, ಯಾವ ನ್ಯಾನ್ಸಿಯನ್ನು ಅಂತ ಇವತ್ತಿಗೂ ಗೊಂದಲ. ಬೆನ್ಸನ್ ಅವರ ಹೆಸರಿಗೇ ಪತ್ರ ಬರೆಯಬಹುದಿತ್ತಲ್ಲ ಅಂತ ಹೊಟ್ಟೆ ಉರಿಯುತ್ತೆ.

ಕಪಾಟು
ಯಾರೂ ಹೇಳದ ಮಾತು ಹೇಳುತ್ತೇನೆ. ಬಂದ ಹಾಗೆ ಕೊಂಡರೆ ನಡುವೆ ಮುಖಪುಟ ಬದಲಾಗುತ್ತೆ. ನನ್ನ ಮೊದಲ ಮೂರು ಭಾಗ ಕಪ್ಪು, ಬೆಳ್ಳಿ ಅಕ್ಷರ, ಎತ್ತರ 21 ಸೆಂಟಿಮೀಟರ್. ನಾಲ್ಕನೆಯದು ಬಿಳಿ, 19.8. ಮೇಲೆ ಹುಡುಗಿಯೊಬ್ಬಳ ಫೋಟೋ ಬೇರೆ. ಕಥೆಯಲ್ಲಿ ಅವಳ ಕೂದಲು ಮೋಟು, ಫೋಟೋದಲ್ಲಿ ಸೊಂಟದವರೆಗೆ! ಕೆಳಗೆ ರಟ್ಟು ಇಟ್ಟು ಎತ್ತರ ಸರಿ ಮಾಡಿದೆ. ಬಣ್ಣಕ್ಕೆ ಏನು ಮಾಡಲಿ?

ಕೋರೆಹಲ್ಲು
ರಟ್ಟಿನ ಹೊದಿಕೆ ತೆಗೆದುಬಿಡಿ. ಒಳಗೆ ಎಲ್ಲವೂ ಕಪ್ಪೇ ಇರುತ್ತೆ.

ಕಪಾಟು
ಪೇಪರ್‌ಬ್ಯಾಕ್ ರೀ. ಹೊದಿಕೆ ಎಲ್ಲಿಂದ ಬರುತ್ತೆ?

ಕೊನೆಪುಟ ಮೊದಲು
ನೀವೆಲ್ಲ ಸುಮ್ನೆ ಒದ್ದಾಡುತ್ತೀರಿ. ನಾನು ಯಾವ ಪುಸ್ತಕವಾದರೂ ಕೊನೆಯ ಹತ್ತು ಪುಟ ಮೊದಲು ಓದುತ್ತೇನೆ. ಯಾರು ಸಾಯುತ್ತಾರೆ, ಯಾರು ಕೊಂದರು ಅಂತ ಗೊತ್ತಾದ ಮೇಲೆ ನಿಧಾನಕ್ಕೆ ಮೊದಲಿಂದ. ಲೇಖಕರು ಎಲ್ಲೆಲ್ಲಿ ಮಣ್ಣೆರಚುತ್ತಾರೆ ಅಂತ ನೋಡುವುದರಲ್ಲೇ ಇರೋದು ಮಜಾ. ಹದಿನೆಂಟು ವರ್ಷದಿಂದ ಹೀಗೇ, ಒಂದು ದಿನವೂ ನಿದ್ದೆ ಕೆಟ್ಟಿಲ್ಲ.

ಅಂದಹಾಗೆ ಕನ್ನಡಿಯವರೇ, ನಿಮ್ಮ ಸರಣಿ ಯಾವುದು ಅಂತ ಗೊತ್ತಾಯಿತು. ಚೆನ್ನಾಗಿದೆ. ಧೈರ್ಯವಾಗಿ ಓದಿ. ನಾಲ್ಕನೆಯದರಲ್ಲಿ ಕನ್ನಡಕದ ಮೇಲೆ ಒಂದು ಕಣ್ಣಿಡಿ. ಅಷ್ಟೇ ಹೇಳೋದು.

ಗಂಟುಮೂಟೆ
ಅಯ್ಯೋ ದೇವರೇ. ಅಳಿಸಿ ಅದನ್ನು. ಈಗಲೇ ಅಳಿಸಿ!

ಕೊನೆಪುಟ ಮೊದಲು
ಯಾಕೆ? ಯಾರ ಹೆಸರಾದರೂ ಹೇಳಿದೆನಾ? ಕನ್ನಡಕ ಅಂದೆ.

ಮೂರನೇ ಸಾಕ್ಷಿ
ಆ ಶಾಲೆಯಲ್ಲಿ ಕನ್ನಡಕ ಹಾಕುವವರು ಒಬ್ಬರೇ ಸ್ವಾಮಿ. ನಾನೂ ಓದಿದ್ದೇನೆ.

ಗಂಟುಮೂಟೆ
ಈಗ ನೀವೂ ಸೇರಿಸಿದಿರಿ! ಇವರಿಗಿಂತ ನೀವೇ ಜಾಸ್ತಿ ಹೇಳಿದಿರಿ. ನಿಮ್ಮಂಥವರಿಂದಲೇ ನಾನು ನಾಲ್ಕು ವರ್ಷ ಎದ್ದೆದ್ದು ಹೊರಗೆ ಹೋಗಿದ್ದು.

ಅರ್ಧದಾರಿ
ಮುಚ್ಚಿಡಿ ಅಂದಿದ್ದೆ. ಯಾರಾದರೂ ಕೇಳಿದರಾ?

ಕನ್ನಡಿ ಮುಂದೆ
ಜಗಳ ಆಡಬೇಡಿ. ಮೊದಲು ಸಿಟ್ಟು ಬಂತು, ನಿಜ. ಆಮೇಲೆ ಪಾತ್ರೆ ತೊಳೆಯುತ್ತಾ ಯೋಚನೆ ಮಾಡಿದೆ. ಕನ್ನಡಕ ಅಂದರೆ ಗ್ರಂಥಪಾಲಕರು. ಕನ್ನಡಕ ಅಂದರೆ ಗಾಜು ಕೂಡ. ಅಕ್ಕ ಕನ್ನಡಿಯಲ್ಲಿ ಮಾತ್ರ ಕಾಣುತ್ತಾಳೆ ಅಂತ ನಾವು ಅಂದುಕೊಂಡಿದ್ದೇವೆ. ಹೊಳೆಯುವ ಗಾಜಿನಲ್ಲೆಲ್ಲ ಕಾಣುತ್ತಾಳೆ ಅಂತಾದರೆ? ಎರಡನೇ ಭಾಗದಲ್ಲಿ ಅವರು ತಂಗಿಯ ಜೊತೆ ಮಾತಾಡುವಾಗಲೆಲ್ಲ ಕನ್ನಡಕ ತೆಗೆದು ಒರೆಸುತ್ತಾರೆ. ಮೂರು ಸಲ. ಈಗ ಹೋಗಿ ಎಣಿಸಿ ಬಂದೆ. ಅವರಿಗೆ ಅಕ್ಕ ಕಾಣುತ್ತಿದ್ದಾಳೆ. ಮೊದಲಿಂದಲೂ.

ಕೈ ನಡುಗುತ್ತಿದೆ. ನಾಲ್ಕನೆಯದನ್ನು ತೆಗೆದಿದ್ದೇನೆ. 40ನೇ ಪುಟ.

ಕೊನೆಪುಟ ಮೊದಲು
ನಾನು ಹೇಳಿದ್ದು ಅದನ್ನಲ್ಲವೇ ಅಲ್ಲ. ಆದರೆ ಅದು... ತಡೆಯಿರಿ, ನಾನೂ ಎರಡನೆಯದನ್ನು ತೆಗೆದು ನೋಡುತ್ತೇನೆ.

ಹತ್ತು ನಿಯಮ
ದೆವ್ವ ಎಲ್ಲೆಲ್ಲಿ ಕಾಣುತ್ತೆ ಅಂತ ಮೊದಲೇ ಹೇಳಿದ್ದಾರಾ? ಹೇಳಿಲ್ಲ ಅಂದರೆ ಮೋಸ.

ಮೂರನೇ ಸಾಕ್ಷಿ
ಮೊದಲ ಭಾಗ, ಹದಿನೇಳನೇ ಪುಟ, ಕಿಟಕಿಯ ಗಾಜು. ಹೋಗಿ ನೋಡಿ.

ಕೋರೆಹಲ್ಲು
1922ಕ್ಕೆ ಮೊದಲು ಬಿಸಿಲಿಗೆ ಸಾಯುವ ಒಂದು ಕಥೆಯೂ ಇರಲಿಲ್ಲ ಅಂತ ಏನು ಗ್ಯಾರಂಟಿ? ಹುಡುಕುತ್ತಿದ್ದೇನೆ. ನಾಳೆ ಬರೆಯುತ್ತೇನೆ.