ಮಾಜಿ ಸೈನಿಕರ ಸಣ್ಣ ಉದ್ದಿಮೆಗೆ ದೊಡ್ಡ ಕಂಪನಿಯ ಗುತ್ತಿಗೆ: ನಮ್ಮ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ನಿವೃತ್ತ ಸುಬೇದಾರ್, ಮಡಿಕೇರಿ)

ನಮಸ್ಕಾರ ಸರ್. ಇಬ್ಬರು ಜೊತೆಗಾರರೊಂದಿಗೆ ಪಾಲುದಾರಿಕೆಯಲ್ಲಿ ಸೆಕ್ಯುರಿಟಿ ಏಜೆನ್ಸಿ ಶುರು ಮಾಡಿದ್ದೇನೆ. ಪಸಾರಾ (ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆ) ಲೈಸೆನ್ಸ್ ಕೈಗೆ ಬಂದಿದೆ. ಮೈಸೂರಿನ ಕಾರ್ಖಾನೆಯೊಂದು ದಿನಕ್ಕೆ 30 ಡ್ಯೂಟಿಗೆ ಕೊಟೇಶನ್ ಕೇಳಿದೆ. ಈಗ ಅಲ್ಲಿರುವ ಏಜೆನ್ಸಿ ಶೇ. 3 ಸರ್ವಿಸ್ ಚಾರ್ಜ್‌ಗೆ ಮಾಡುತ್ತಿದೆಯಂತೆ. ನಾವೂ ಅಷ್ಟಕ್ಕೇ ಇಳಿಯಬೇಕಾ? ಮಾಜಿ ಸೈನಿಕರು ಅಂತ ಏನಾದರೂ ಮೀಸಲು ಉಂಟಾ?

ಉತ್ತರ (ಲೆಕ್ಕಪರಿಶೋಧಕರು)

ಸುಬೇದಾರ್ ಸಾಹೇಬರೇ, ಮೊದಲು ಆ ಲೈಸೆನ್ಸ್ ತೆಗೆದು ಜಿಲ್ಲೆಯ ಹೆಸರು ನೋಡಿ. ಪಸಾರಾ ಶುಲ್ಕ ಒಂದು ಜಿಲ್ಲೆಗೆ 5,000 ರೂ., ಐದು ಜಿಲ್ಲೆಯವರೆಗೆ 10,000 ರೂ., ಇಡೀ ರಾಜ್ಯಕ್ಕೆ 25,000 ರೂ. ಖರ್ಚು ಉಳಿಸಲು ಕೊಡಗಿಗೆ ಮಾತ್ರ ಮಾಡಿಸಿದ್ದರೆ ಮೈಸೂರಿನಲ್ಲಿ ಒಬ್ಬ ಗಾರ್ಡನ್ನೂ ನಿಲ್ಲಿಸುವಂತಿಲ್ಲ.

ಮೀಸಲಿನ ವಿಚಾರ: ಖಾಸಗಿ ಕಂಪನಿ ಮಾಜಿ ಸೈನಿಕರಿಂದಲೇ ಸೇವೆ ಪಡೆಯಬೇಕೆಂಬ ಕಾನೂನು ಇಲ್ಲ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್, ಏಜೆನ್ಸಿಗಳನ್ನು ಪ್ರಾಯೋಜಿಸುವುದು ಮುಖ್ಯವಾಗಿ ಸಾರ್ವಜನಿಕ ವಲಯದ ಉದ್ದಿಮೆಗಳಿಗೆ. ಖಾಸಗಿ ಕಾರ್ಖಾನೆಯಲ್ಲಿ ದರ ಮತ್ತು ಕಾಗದಪತ್ರದ ಮೇಲೇ ಗೆಲ್ಲಬೇಕು.

ಈಗ ದರ. ದಿನಕ್ಕೆ 30 ಡ್ಯೂಟಿ ಅಂದರೆ 30 ಜನ ಅಲ್ಲ. ವಾರಕ್ಕೆ 210 ಡ್ಯೂಟಿ, ಒಬ್ಬರು ಮಾಡುವುದು ಆರು. ಹಾಗಾಗಿ 35 ಜನ ಬೇಕು. ಹೊಸ ಏಜೆನ್ಸಿಗಳು ಮುಗ್ಗರಿಸುವುದು ಇಲ್ಲೇ. ರಿಲೀವರ್, ಅಂದರೆ ವಾರದ ರಜೆಗೆ ಬದಲಿ ಜನ, ಇಡದೆ, ಇದ್ದವರಿಂದಲೇ ಡಬಲ್ ಡ್ಯೂಟಿ ಮಾಡಿಸಿ, ಓವರ್‌ಟೈಮ್ ಕೊಡದೆ ಹೋದರೆ ಮೊದಲ ತಪಾಸಣೆಯಲ್ಲೇ ಸಿಕ್ಕಿಬೀಳುತ್ತಾರೆ.

ಲೆಕ್ಕ ತೋರಿಸಲು ಕನಿಷ್ಠ ವೇತನ 18,000 ರೂ. ಎಂದಿಟ್ಟುಕೊಳ್ಳಿ, ನಿಜವಾದ ಅಂಕಿಗೆ ನಿಮ್ಮ ವಲಯದ ಚಾಲ್ತಿ ಅಧಿಸೂಚನೆ ನೋಡಬೇಕು. 15,000ದ ಮಿತಿಗೆ ಪಿಎಫ್ ಕಟ್ಟಿದರೆ ಮಾಲೀಕರ ಪಾಲು ಮತ್ತು ಆಡಳಿತ ಶುಲ್ಕ ಸೇರಿ ಶೇ. 13, ಅಂದರೆ 1,950. ಇಎಸ್‌ಐ ಶೇ. 3.25ರಂತೆ 585. ಬೋನಸ್ ಶೇ. 8.33ರಂತೆ 1,499. ಗ್ರಾಚ್ಯುಟಿಗೆ ಶೇ. 4.81ರಂತೆ 866. ಯೂನಿಫಾರ್ಮ್, ತರಬೇತಿಗೆ 500. ತಲೆಗೆ ಒಟ್ಟು 23,400 ರೂ.

ಇದರ ಮೇಲೆ ಶೇ. 3 ಅಂದರೆ 702. 35 ಜನಕ್ಕೆ ತಿಂಗಳಿಗೆ 24,570 ರೂ. ಸಂಬಳ, ಪಿಎಫ್, ಇಎಸ್‌ಐಗೆ ತಿಂಗಳಿಗೆ ಕೈಯಿಂದ ಹೋಗುವುದು 7,18,725 ರೂ. ಬಿಲ್ಲಿನ ಹಣ ತಡವಾಗಿ ಬರುವುದರಿಂದ ಎರಡು ತಿಂಗಳ ಹಣ ಸದಾ ಹೊರಗೆ ಸಿಕ್ಕಿಕೊಂಡಿರುತ್ತದೆ, ಸುಮಾರು 14.4 ಲಕ್ಷ. ವರ್ಷಕ್ಕೆ ಶೇ. 11ರ ಬಡ್ಡಿ ಹಿಡಿದರೆ ತಿಂಗಳಿಗೆ 13,000 ದಾಟುತ್ತದೆ. ಉಳಿದ 11,000 ಚಿಲ್ಲರೆಯಲ್ಲಿ ಆಫೀಸು, ರಾತ್ರಿ ತಪಾಸಣೆಯ ಪೆಟ್ರೋಲು, ಲೆಕ್ಕದವರ ಫೀಸು, ನಿಮ್ಮ ಮೂವರ ಜೀವನ ಎಲ್ಲ ನಡೆಯಬೇಕು. ನಡೆಯುವುದಿಲ್ಲ. ಶೇ. 3ಕ್ಕೆ ಮಾಡುವವರು ಎಲ್ಲೋ ಒಂದು ಕಡೆ, ಬಹುತೇಕ ಗಾರ್ಡಿನ ಪಿಎಫ್‌ನಲ್ಲೋ ಬೋನಸ್‌ನಲ್ಲೋ, ಕತ್ತರಿ ಆಡಿಸುತ್ತಿರುತ್ತಾರೆ. ಶೇ. 8ಕ್ಕಿಂತ ಕೆಳಗೆ ನೀವು ಇಳಿಯಬೇಡಿ ಅನ್ನುವುದು ನನ್ನ ಸಲಹೆ.

ಒಪ್ಪಂದದಲ್ಲಿ ಒಂದು ಸಾಲು ಇರಲೇಬೇಕು: ಕನಿಷ್ಠ ವೇತನ ಅಥವಾ ತುಟ್ಟಿಭತ್ಯೆ ಪರಿಷ್ಕರಣೆಯಾದ ದಿನದಿಂದಲೇ ದರ ಅದೇ ಪ್ರಮಾಣದಲ್ಲಿ ಏರತಕ್ಕದ್ದು. ನಮ್ಮ ರಾಜ್ಯದಲ್ಲಿ ತುಟ್ಟಿಭತ್ಯೆ ಏಪ್ರಿಲ್ 1ರಿಂದ ಬದಲಾಗುತ್ತದೆ. ಎರಡು ವರ್ಷಕ್ಕೆ ಸ್ಥಿರ ದರ ಅಂತ ಸಹಿ ಹಾಕಿದರೆ ಮೊದಲ ಏಪ್ರಿಲ್‌ಗೇ ಲಾಭ ಕರಗುತ್ತದೆ.

ಉತ್ತರ (ಖರೀದಿ ವಿಭಾಗದ ಸಲಹೆಗಾರರು)

ಇದರ ಮೇಲೊಂದು ಮಾತು. ಖರೀದಿಯವರ ಮುಂದೆ ಶೇ. 8 ಅಂತ ಬರಿಗೈಲಿ ನಿಂತರೆ ತಿರಸ್ಕಾರ ಖಚಿತ. ಮೇಲಿನ ಲೆಕ್ಕವನ್ನೇ ಸಾಲು ಸಾಲಾಗಿ ಕೊಟೇಶನ್‌ನಲ್ಲಿ ಕೊಡಿ. ಗುತ್ತಿಗೆದಾರ ಸಂಬಳ, ಪಿಎಫ್ ಕಟ್ಟದಿದ್ದರೆ ಹೊಣೆ ಮೂಲ ಮಾಲೀಕರ ತಲೆಗೆ ಬರುತ್ತದೆ ಅನ್ನುವುದು ಕಂಪನಿಯ ಎಚ್‌ಆರ್‌ಗೆ ಗೊತ್ತು. ಹಾಗಾಗಿ ಖರೀದಿಯವರ ಜೊತೆಗೆ ಎಚ್‌ಆರ್‌ನವರನ್ನೂ ಮಾತಿಗೆ ಕೂರಿಸಿ.

ನಿಮ್ಮ ಸೈನಿಕ ಹಿನ್ನೆಲೆಗೆ ನಿಜವಾದ ಬೆಲೆ ಇರುವ ಜಾಗ ಎರಡು. ಹೊಸಬ ಗಾರ್ಡಿಗೆ 100 ಗಂಟೆ ತರಗತಿ, 60 ಗಂಟೆ ಕ್ಷೇತ್ರ ತರಬೇತಿ ಬೇಕು, ಕನಿಷ್ಠ 20 ಕೆಲಸದ ದಿನ. ಮಾಜಿ ಸೈನಿಕನಿಗೆ 40 ಮತ್ತು 16 ಗಂಟೆ, ಏಳು ದಿನ ಸಾಕು. ಯಾರೋ ಬಿಟ್ಟುಹೋದರೆ ಬದಲಿ ಜನ ಬೇಗ ಕೊಡಬಲ್ಲಿರಿ. ಅದನ್ನು ದಿನಗಳ ಲೆಕ್ಕದಲ್ಲಿ ಬರೆದುಕೊಡಿ. ಎರಡನೆಯದು ಸೂಪರ್‌ವೈಸರ್. 15 ಗಾರ್ಡಿಗೆ ಒಬ್ಬರು ಇರಬೇಕೆಂಬುದು ನಿಯಮ, ಆ ಕೆಲಸಕ್ಕೆ ಸೇನೆ ಅಥವಾ ಪೊಲೀಸಿನಂಥ ಕಡೆ ಮೂರು ವರ್ಷದ ಅನುಭವ ಇರುವವರಿಗೆ ಆದ್ಯತೆಯನ್ನೂ ಕೊಡಬೇಕು. ಅಂಥವರು ನಿಮ್ಮಲ್ಲಿ ಈಗಾಗಲೇ ಇದ್ದಾರೆ. ಅವರ ಸಂಬಳವನ್ನು ದರದಲ್ಲಿ ಸೇರಿಸಲು ಮಾತ್ರ ಮರೆಯಬೇಡಿ.

ಮರುಪ್ರಶ್ನೆ (ಅದೇ ಸುಬೇದಾರ್)

ತುಂಬ ಉಪಕಾರ ಸರ್. ಲೈಸೆನ್ಸ್ ಕೊಡಗಿಗೆ ಮಾತ್ರ ಇದೆ, ನಾಳೆಯೇ ಅರ್ಜಿ ಹಾಕುತ್ತೇನೆ. ಇನ್ನೊಂದು ಸಂದೇಹ. ದೊಡ್ಡ ಕಂಪನಿ ಜೊತೆ ವ್ಯವಹಾರ ಅಂದರೆ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಒಳ್ಳೆಯದು ಅಂತಾರೆ. ಹೌದಾ? ಬ್ಯಾಂಕ್ ಸಾಲ ಎಷ್ಟು ಸಿಗಬಹುದು?

ಉತ್ತರ (ಲೆಕ್ಕಪರಿಶೋಧಕರು)

ಸದ್ಯಕ್ಕೆ ಬೇಡ. ಕಾರಣ ಜಿಎಸ್‌ಟಿ. 2019ರ ಜನವರಿ 1ರಿಂದ, ಕಂಪನಿಯಲ್ಲದ ಏಜೆನ್ಸಿ ಜಿಎಸ್‌ಟಿ ನೋಂದಾಯಿತ ಗ್ರಾಹಕರಿಗೆ ಗಾರ್ಡ್ ಒದಗಿಸಿದರೆ ತೆರಿಗೆ ಕಟ್ಟುವುದು ಗ್ರಾಹಕರೇ, ರಿವರ್ಸ್ ಚಾರ್ಜ್‌ನಲ್ಲಿ. ಪ್ರೈವೇಟ್ ಲಿಮಿಟೆಡ್ ಆದರೆ ಶೇ. 8 ಸೇರಿ ತಿಂಗಳಿಗೆ ಸುಮಾರು 8.8 ಲಕ್ಷದ ಬಿಲ್ಲಿಗೆ 1.6 ಲಕ್ಷ ಜಿಎಸ್‌ಟಿಯನ್ನು, ದುಡ್ಡು ಬಂದಿರಲಿ ಬಿಡಲಿ, ಮುಂದಿನ ತಿಂಗಳ 20ಕ್ಕೆ ನೀವೇ ಕಟ್ಟಬೇಕು. ಪಾಲುದಾರಿಕೆಯಲ್ಲಿ ಆ ಹೊರೆ ಇಲ್ಲ. ಬಿಲ್ಲಿನ ಮೇಲೆ ರಿವರ್ಸ್ ಚಾರ್ಜ್ ಅನ್ವಯ ಅಂತ ಸ್ಪಷ್ಟವಾಗಿ ಇರಲಿ, ತಪ್ಪಿ ಶೇ. 18 ಸೇರಿಸಿದರೆ ಬಿಲ್ ವಾಪಸ್ ಬಂದು ಪಾವತಿಯ ದಿನಗಳು ಹೊಸದಾಗಿ ಎಣಿಕೆಯಾಗುತ್ತವೆ. ಯೂನಿಫಾರ್ಮ್ ಬಟ್ಟೆಗೆ ಕೊಟ್ಟ ಜಿಎಸ್‌ಟಿ ಮಾತ್ರ ನಿಮಗೆ ವಾಪಸ್ ಸಿಗದು, ಅದನ್ನು ಖರ್ಚಿಗೆ ಹಾಕಿಕೊಳ್ಳಿ. ಹೌಸ್‌ಕೀಪಿಂಗ್ ಈ ರಿವರ್ಸ್ ಚಾರ್ಜ್ ಅಡಿ ಬರುವುದಿಲ್ಲ. ಆ ಕೆಲಸವನ್ನೂ ಹಿಡಿದರೆ ಬಿಲ್ ಬೇರೆಯೇ ಮಾಡಿ.

ಬ್ಯಾಂಕಿನಲ್ಲಿ ಅವಧಿ ಸಾಲ ಕೇಳಬೇಡಿ, ಕ್ಯಾಶ್ ಕ್ರೆಡಿಟ್, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು ತುಂಬುವ ಸಾಲ, ಕೇಳಿ. ಸಣ್ಣ ಉದ್ದಿಮೆಗೆ ಅಂದಾಜು ವಾರ್ಷಿಕ ವಹಿವಾಟಿನ ಶೇ. 20ರಷ್ಟು ದುಡಿಮೆ ಬಂಡವಾಳ ಅನ್ನುವುದು ಬ್ಯಾಂಕುಗಳು ಬಳಸುವ ಲೆಕ್ಕ. ನಿಮ್ಮ ವಹಿವಾಟು ಸುಮಾರು 1.06 ಕೋಟಿ ಆಗುತ್ತದೆ; 21 ಲಕ್ಷದ ಮಿತಿ ಕೇಳಲು ಆಧಾರವಿದೆ.

ಇನ್ನೊಂದು ಸಿಕ್ಕು ಚಲನ್‌ನದ್ದು. ಏಪ್ರಿಲ್ ಬಿಲ್ಲಿಗೆ ಏಪ್ರಿಲ್ ತಿಂಗಳದ್ದೇ ಪಿಎಫ್ ಚಲನ್ ಲಗತ್ತಿಸಿ ಅಂತಾರೆ ಗ್ರಾಹಕರು. ಅದನ್ನು ಕಟ್ಟಲು ಮೇ 15ರವರೆಗೆ ಸಮಯವಿದೆ ಅಂತ ಕೂತರೆ ಬಿಲ್ ಒಪ್ಪುವುದೇ ಮೇ 16ಕ್ಕೆ, ಪಾವತಿ ಗಡುವಿನ 45 ದಿನ ಕಳೆದು ಹಣ ಬರುವುದು ಜೂನ್ 30ಕ್ಕೆ. ಅಷ್ಟರಲ್ಲಿ ಮೇ ಸಂಬಳವೂ ನಿಮ್ಮ ಜೇಬಿನಿಂದಲೇ ಹೋಗಿರುತ್ತದೆ. ಬಿಲ್ಲಿನ ಜೊತೆ ಹಿಂದಿನ ತಿಂಗಳ ಚಲನ್ ಸಾಕು ಅಂತ ಪಿಒದಲ್ಲೇ (ಖರೀದಿ ಆದೇಶದಲ್ಲೇ) ಬರೆಸಿಕೊಳ್ಳಿ. ಹತ್ತು ಹದಿನೈದು ದಿನ ಉಳಿಯುತ್ತದೆ.

ಪ್ರಶ್ನೆ (ವಾಯುಪಡೆಯ ನಿವೃತ್ತರು, ಬೆಂಗಳೂರು)

ಅಮೆರಿಕದ ಕಂಪನಿಯೊಂದರ ಬೆಂಗಳೂರು ಕಚೇರಿಗೆ ಯುಪಿಎಸ್ ಎಎಂಸಿ (ವಾರ್ಷಿಕ ನಿರ್ವಹಣೆ ಸೇವೆ) ಕೊಡಲು ವೆಂಡರ್ ಪೋರ್ಟಲ್‌ನಲ್ಲಿ ಫಾರಂ ತುಂಬುತ್ತಿದ್ದೇನೆ. ವೆಟರನ್ ಓನ್ಡ್ ಅನ್ನುವ ಕಡೆ ಟಿಕ್ ಹಾಕಬಹುದಾ?

ಉತ್ತರ (ಖರೀದಿ ವಿಭಾಗದ ಸಲಹೆಗಾರರು)

ಪಕ್ಕದ ವಿವರಣೆ ಓದದೆ ಹಾಕಬೇಡಿ ಸರ್. ಅಲ್ಲಿನ ಅರ್ಥದಲ್ಲಿ ಅದು ಅಮೆರಿಕದ ಸೇನೆಯಲ್ಲಿ ದುಡಿದವರು ಕನಿಷ್ಠ ಶೇ. 51 ಒಡೆತನ ಮತ್ತು ಹತೋಟಿ ಹೊಂದಿರುವ ಸಂಸ್ಥೆ. ಅಲ್ಲಿನ ಸರ್ಕಾರಿ ಗುತ್ತಿಗೆಗೆ ಸಣ್ಣ ಉದ್ದಿಮೆ ಆಡಳಿತವೂ, ಖಾಸಗಿ ಕಂಪನಿಗಳ ಗುತ್ತಿಗೆಗೆ ನವೋಬಾ ಎಂಬ ಸಂಘವೂ ಪ್ರಮಾಣಪತ್ರ ಕೊಡುತ್ತವೆ. ಪ್ರಮಾಣಪತ್ರವಿಲ್ಲದೆ ಟಿಕ್ ಹಾಕಿದರೆ ಸುಳ್ಳು ಘೋಷಣೆ ಆಗುತ್ತದೆ, ಖಾತೆಯೇ ತಡೆಹಿಡಿಯಲ್ಪಡಬಹುದು. ಸಣ್ಣ ಉದ್ದಿಮೆ ಅನ್ನುವಲ್ಲಿ ಉದ್ಯಮ್ ಸಂಖ್ಯೆ (ಸಣ್ಣ ಉದ್ದಿಮೆಯ ಸರ್ಕಾರಿ ನೋಂದಣಿ ಸಂಖ್ಯೆ) ಕೊಡಿ. ಭಾರತೀಯ ವಾಯುಪಡೆಯ ಸೇವೆಯನ್ನು ಕಂಪನಿ ಪರಿಚಯದಲ್ಲಿ, ಯಾವ ಟ್ರೇಡ್, ಯಾವ ಉಪಕರಣ ಅಂತ ಬರೆಯಿರಿ. ಎಎಂಸಿ ಗುತ್ತಿಗೆ ಕೊಡುವ ಕಂಪನಿಗೆ ಬೇಕಾದದ್ದು ಅದೇ.

ಪ್ರಶ್ನೆ (ಸೇನೆಯ ಯಂತ್ರ ದುರಸ್ತಿ ದಳ ಇಎಂಇಯ ನಿವೃತ್ತ ಹವಾಲ್ದಾರ್, ಉದ್ಯಮಬಾಗ್, ಬೆಳಗಾವಿ)

ಎರಡು ಸಿಎನ್‌ಸಿ ಲೇತ್ ಇದೆ. ವಾಹನ ಬಿಡಿಭಾಗದ ಕಂಪನಿಯವರು ಸ್ಯಾಂಪಲ್ ಒಪ್ಪಿದರು, ಈಗ ಪಿಪಿಎಪಿ ಕೊಡಿ ಅಂತಿದ್ದಾರೆ. ಸ್ಯಾಂಪಲ್ ಸರಿ ಇದ್ದ ಮೇಲೆ ಇದೇನು?

ಉತ್ತರ (ಗುಣಮಟ್ಟ ವಿಭಾಗದ ಇಂಜಿನಿಯರ್)

ಪಿಪಿಎಪಿ ಅಂದರೆ ಉತ್ಪಾದನೆಗೆ ಮುನ್ನ ಗ್ರಾಹಕರ ಒಪ್ಪಿಗೆ ಪಡೆಯುವ ದಾಖಲೆಗಳ ಕಟ್ಟು. ಐದು ಒಳ್ಳೆಯ ಪೀಸ್ ಯಾರು ಬೇಕಾದರೂ ಆರಿಸಿ ಕೊಡಬಹುದು ಸರ್. ಎಂದಿನ ಮಷಿನ್, ಎಂದಿನ ಆಪರೇಟರ್, ಎಂದಿನ ವೇಗದಲ್ಲಿ ಸಾಲಾಗಿ ಬಂದ ಪೀಸ್‌ಗಳು ಹೇಗಿವೆ ಅನ್ನುವುದು ಅವರಿಗೆ ಬೇಕು. ಬೇರೆ ಮಾತಾಗಿಲ್ಲದಿದ್ದರೆ ಕನಿಷ್ಠ 300 ಪೀಸ್‌ಗಳ ಓಟ. ದಾಖಲೆ 18 ಬಗೆ, ಸಾಮಾನ್ಯವಾಗಿ ಕೇಳುವುದು ಸಲ್ಲಿಕೆಯ ಮೂರನೇ ಹಂತ.

ಬಹಳ ಜನ ಸೋಲುವುದು ಅಳತೆಯಲ್ಲಿ. ಟಾಲರೆನ್ಸ್ (ಅನುಮತಿಸಿದ ವ್ಯತ್ಯಾಸ) 0.02 ಮಿ.ಮೀ. ಇರುವ ವ್ಯಾಸವನ್ನು 0.01 ಓದುವ ಮೈಕ್ರೋಮೀಟರ್‌ನಲ್ಲಿ ಅಳೆದರೆ ಗೇಜ್ ಆರ್ ಅಂಡ್ ಆರ್, ಅಂದರೆ ಅಳತೆಯನ್ನು ನಂಬಬಹುದೇ ಎಂದು ನೋಡುವ ಪರೀಕ್ಷೆ, ಪಾಸಾಗುವುದಿಲ್ಲ. ಉಪಕರಣ ಟಾಲರೆನ್ಸಿನ ಹತ್ತನೇ ಒಂದು ಭಾಗ ಓದಬೇಕು, ಇಲ್ಲಿ 0.002; ಅದಕ್ಕೆ ತಕ್ಕದ್ದು ಒಂದು ಮೈಕ್ರಾನ್ (0.001 ಮಿ.ಮೀ.) ಓದುವ ಡಿಜಿಟಲ್ ಮೈಕ್ರೋಮೀಟರ್ ಅಥವಾ ಏರ್ ಗೇಜ್. ಹತ್ತು ಪೀಸ್, ಮೂವರು ಆಪರೇಟರ್, ಮೂರು ಸಲ ಅಳತೆ. ಫಲಿತಾಂಶ ಶೇ. 10ರ ಒಳಗಿದ್ದರೆ ಒಳ್ಳೆಯದು, 30 ದಾಟಿದರೆ ತಿರಸ್ಕಾರ. ಆ ಹತ್ತು ಪೀಸ್ ಒಂದೇ ಅಳತೆಯವಾಗಿರಬಾರದು, ಟಾಲರೆನ್ಸಿನ ಉದ್ದಕ್ಕೂ ಹರಡಿರಬೇಕು. ಇಲ್ಲವಾದರೆ ಒಳ್ಳೆಯ ಗೇಜ್ ಕೂಡ ಕೆಟ್ಟದ್ದಾಗಿ ಕಾಣುತ್ತದೆ.

ಆಮೇಲೆ ಸಾಮರ್ಥ್ಯ ಸೂಚ್ಯಂಕ, ಅಂದರೆ ಪೀಸ್‌ಗಳ ಅಳತೆ ಟಾಲರೆನ್ಸಿನೊಳಗೆ ಎಷ್ಟು ಭದ್ರವಾಗಿ ನಿಲ್ಲುತ್ತದೆ ಅನ್ನುವ ಅಂಕಿ. 1.67 ದಾಟಿದರೆ ಸರಾಗ, 1.33ರಿಂದ 1.67ರ ನಡುವೆ ಗ್ರಾಹಕರ ಒಪ್ಪಿಗೆ ಬೇಕು. ಬೆಳಿಗ್ಗೆ ಮಷಿನ್ ತಣ್ಣಗಿರುವಾಗ ಓಟ ಶುರು ಮಾಡಿದರೆ ಸ್ಪಿಂಡಲ್ ಬಿಸಿಯಾಗುತ್ತ ವ್ಯಾಸ ಸರಿಯುತ್ತದೆ. ಅರ್ಧ ಗಂಟೆ ಖಾಲಿ ಓಡಿಸಿ, ಆಮೇಲೆ ತೊಡಗಿ.

ಪ್ರಶ್ನೆ (ಹೌಸ್‌ಕೀಪಿಂಗ್ ಸಂಸ್ಥೆ, ಹುಬ್ಬಳ್ಳಿ)

ಬಿಲ್ ಒಪ್ಪಿ 70 ದಿನವಾಯಿತು, ಹಣ ಬಂದಿಲ್ಲ. ದೂರು ಕೊಟ್ಟರೆ ಗುತ್ತಿಗೆಯೇ ಹೋದೀತು ಅನ್ನುವ ಅಂಜಿಕೆ ಮೇಡಂ.

ಉತ್ತರ (ಲೆಕ್ಕಪರಿಶೋಧಕರು)

ನೇರ ದೂರಿಗೆ ಹೋಗಬೇಡಿ, ಮೊದಲು ಅಕೌಂಟ್ಸ್‌ಗೆ ಇಮೇಲ್ ಹಾಕಿ. ಸಣ್ಣ ಉದ್ದಿಮೆಗಳ ಎಂಎಸ್‌ಎಂಇಡಿ ಕಾಯ್ದೆಯಡಿ ಒಪ್ಪಂದವಿದ್ದರೂ 45 ದಿನವೇ ಮಿತಿ, ಲಿಖಿತ ಒಪ್ಪಂದ ಇಲ್ಲದಿದ್ದರೆ 15. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ 43ಬಿ(ಎಚ್) ನಿಯಮ ಅವರಿಗೆ ಇನ್ನೂ ಬಿಸಿ ಮುಟ್ಟಿಸುತ್ತದೆ: ಸೂಕ್ಷ್ಮ, ಸಣ್ಣ ಉದ್ದಿಮೆಗೆ ಮಿತಿಯೊಳಗೆ ಕೊಡದ ಹಣವನ್ನು ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸಲು ನಿಜವಾಗಿ ಕೊಟ್ಟ ವರ್ಷದವರೆಗೆ ಕಾಯಬೇಕು. ಇಮೇಲ್‌ನಲ್ಲಿ ಉದ್ಯಮ್ ಸಂಖ್ಯೆ, ಪಿಒ ಸಂಖ್ಯೆ, ಬಿಲ್ ಒಪ್ಪಿದ ದಿನಾಂಕ, 45ನೇ ದಿನದ ದಿನಾಂಕ ಹಾಕಿ. ಜಗಳದ ಮಾತು ಬೇಡ. ಮಾರ್ಚ್ ತಿಂಗಳಲ್ಲಿ ಇಂಥ ಇಮೇಲ್‌ಗೆ ಬೇಗ ಕೆಲಸವಾಗುತ್ತದೆ.

ಉದ್ಯಮ್ ನೋಂದಣಿ ಪಿಒಗಿಂತ ಮೊದಲೇ ಆಗಿರಬೇಕು, ಆಮೇಲೆ ಮಾಡಿಸಿದ್ದಾದರೆ ಹಳೆಯ ಬಿಲ್ಲುಗಳಿಗೆ ತಕರಾರು ಬರುತ್ತದೆ. ಬರೀ ವ್ಯಾಪಾರಿಗಳಿಗೆ ಈ ರಕ್ಷಣೆ ಸಿಗುವುದಿಲ್ಲ. ನಿಮ್ಮದು ಸೇವೆ, ಸಿಗುತ್ತದೆ. ಗ್ರಾಹಕ ಕಂಪನಿಯ ವಹಿವಾಟು 250 ಕೋಟಿ ದಾಟಿದ್ದರೆ ಬಿಲ್ಲಿನ ಮೇಲೆ ಮುಂಗಡ ಹಣ ಸಿಗುವ ಟ್ರೆಡ್ಸ್ ವೇದಿಕೆಯಲ್ಲಿ ಅವರ ನೋಂದಣಿ ಕಡ್ಡಾಯ. ನಿಮ್ಮ ಬಿಲ್ಲನ್ನು ಅಲ್ಲಿ ಒಪ್ಪಿಸಿ ಅಂತ ಕೇಳಿ. ಬ್ಯಾಂಕು ಬಡ್ಡಿ ಮುರಿದುಕೊಂಡು ಮುಂಗಡವಾಗಿ ಹಣ ಕೊಡುತ್ತದೆ, ಗ್ರಾಹಕರು ತಡಮಾಡಿದರೂ ನಿಮ್ಮನ್ನು ವಾಪಸ್ ಕೇಳುವಂತಿಲ್ಲ. ಇದಕ್ಕೂ ಜಗ್ಗದಿದ್ದರೆ ಸಣ್ಣ ಉದ್ದಿಮೆಗಳ ಬಾಕಿ ದೂರಿಗೆ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಪಿಒ, ಬಿಲ್, ಕೆಲಸ ಒಪ್ಪಿದ ಸಹಿಯ ಪ್ರತಿ ಮೂರೂ ಕೈಯಲ್ಲಿರಲಿ. ಮೂರನೆಯದು ಇಲ್ಲದವರು ಈ ತಿಂಗಳಿನಿಂದಲೇ ಸೈಟ್ ಮ್ಯಾನೇಜರ್ ಹತ್ತಿರ ಹಾಜರಿ ಪಟ್ಟಿಗೆ ಸಹಿ, ಸೀಲು ಹಾಕಿಸಿಕೊಳ್ಳಿ.